ಮೊದಲ ಎಲೆ

ಅಪ್ಪನ ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈ ಬಿಚ್ಚಲು ನಂದೀಶನಿಂದ ಆಗಲಿಲ್ಲ. ಗಂಟು ನೀರು ಕುಡಿದು ಬಿಗಿದುಕೊಂಡಿತ್ತು. ಸತ್ತ ಅಣ್ಣನ ಮೈಗೆ ನೀರು ಹಾಕುತ್ತಿದ್ದ ಚಿಕ್ಕಪ್ಪ ಮುರಳಿ ಚೊಂಬು ಕೆಳಗಿಟ್ಟು, ಬಗ್ಗಿ, ಹಲ್ಲಿನಿಂದ ಗಂಟು ಸಡಿಲಿಸಿದ.

"ಸ್ನಾನ ಮುಗಿಯೋವರ್ಗೂ ಕಾಯಕ್ಕಾಗಲ್ವಂತೆ ಅವ್ರಿಗೆ," ಎಂದ ನಂದೀಶ. "ಬಾಗಿಲಿಗೇ ಬಂದು ನಿಂತವ್ನೆ. ಕೊಡಲ್ಲ ಹೋಗೋ ಅಂತೀನಿ ನಾನು."

"ಸುಮ್ನಿರೋ. ಅಪ್ಪನ ಮುಂದೆ ಜಗಳ ಬೇಡ."

ಬೀದಿಯಲ್ಲಿ ಚಪ್ಪರದ ಆಚೆ ನಿಂತಿದ್ದವನು ಸುನಿಲ್‌ಕುಮಾರ್. ದೇವನಹಳ್ಳಿ ಪದವೀಧರರ ಕ್ಲಬ್ಬಿನ ಕಾರ್ಯದರ್ಶಿ. ಕಾಲೋನಿಯ ಒಳಗೆ ಅವನು ಬಂದಿದ್ದು ಇದೇ ಮೊದಲು. ಸಿಕ್ಕವರಿಗೆಲ್ಲ ಅದೇ ಮಾತು ಹೇಳುತ್ತಿದ್ದ. "ತಪ್ಪು ತಿಳ್ಕೋಬೇಡಿ. ಇವತ್ತು ಸಂಜೆ ಆನ್ಯುಯಲ್ ಡಿನ್ನರ್. ನೂರ ನಲವತ್ತು ಎಲೆ. ಪಾತ್ರೆ ಎಲ್ಲ ಸ್ಟೋರ್ ರೂಮಲ್ಲಿದೆ, ಅಡುಗೆಯವ್ರು ಬಂದು ಕೂತಿದ್ದಾರೆ. ಕೀ ಬೈಲಪ್ಪನವ್ರ ಹತ್ರ ಇತ್ತು."

ಬೈಲಪ್ಪನವರು ಎಂದು ಅವನು ಹೇಳಿದ್ದೂ ಇದೇ ಮೊದಲು. ನಿನ್ನೆಯವರೆಗೆ ಬೈಲಪ್ಪ. ಮೂವತ್ತೊಂದು ವರ್ಷ ಆ ಕ್ಲಬ್ಬಿನ ಊಟದ ಹಾಲ್ ನೋಡಿಕೊಂಡವನು, ಬೆಳಗಿನ ಜಾವ ಎದೆ ಹಿಡಿದುಕೊಂಡು ಎದ್ದು ಕೂತವನು ಹಾಗೇ ಹೋಗಿಬಿಟ್ಟಿದ್ದ.

ಕಾರಿನಿಂದ ಅಧ್ಯಕ್ಷ ವೆಂಕಟರಾಯಪ್ಪನವರು ಸುಗಂಧರಾಜದ ಹಾರ ಹಿಡಿದು ಇಳಿದರು. ಎಪ್ಪತ್ತನಾಲ್ಕು ವಯಸ್ಸು. ತಾಲ್ಲೂಕಿಗೆ ಬಿ.ಎಸ್ಸಿ. ತಂದ ಮೊದಲ ನಾಲ್ವರಲ್ಲಿ ಒಬ್ಬರು. ಜನ ದಾರಿ ಬಿಟ್ಟರು. ಅವರು ಚಪ್ಪಲಿ ಬಿಟ್ಟು ಹಾರ ಹಾಕಿ, ಕೈ ಮುಗಿದು ಹಿಂದೆ ಸರಿಯುವ ಹೊತ್ತಿಗೆ ಬೈಲಪ್ಪನ ಹೆಂಡತಿ ಮುತ್ತಮ್ಮ ಎದ್ದು ಬಂದಳು. ಬೀಗದ ಕೈ ಅವಳ ಮುಷ್ಟಿಯಲ್ಲಿತ್ತು.

"ತಗೊಳ್ಳಪ್ಪ," ಎಂದು ಸುನಿಲನ ಕಡೆ ಚಾಚಿದಳು. ಅವನು ಕೈ ನೀಡಿದ. ಅವಳು ಕೊಡಲಿಲ್ಲ.

"ಇವತ್ತು ನಮ್ಮನೆಯೋರು ನಿಮ್ ಜೊತೆ ಕೂತು ಉಣ್ಬೇಕಾಗಿತ್ತು. ಮೆಂಬರ್ ಮಾಡಿದ್ರಲ್ಲ ನೀವು ಅವ್ರನ್ನ. ಹೊಸ ಅಂಗಿ ಹೊಲಿಸ್ಕೊಂಡಿದ್ರು."

ತಮಟೆ ಬಡಿಯುತ್ತಿದ್ದವರು ಕೈ ನಿಲ್ಲಿಸಿದರು. ಕಾಲೋನಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈಲಪ್ಪ ಕ್ಲಬ್ಬಿನ ಮೆಂಬರ್ ಆದ ವಿಷಯ ಯಾರಿಗೂ ಗೊತ್ತಿರಲಿಲ್ಲ.

"ಮೆಂಬರ್ ತೀರ್ಕೊಂಡ್ರೆ ಆ ವರ್ಷದ ಡಿನ್ನರಲ್ಲಿ ಮೊದಲ್ನೇ ಎಲೆ ಅವ್ರ ಹೆಸ್ರಲ್ಲಿ ಹಾಕ್ತೀರಂತೆ. ಆ ಎಲೆಗೆ ಬಡಿಸಿದ್ ಮೇಲೇನೇ ಉಳಿದೋರು ಕೈ ಹಾಕೋದಂತೆ. ಇಷ್ಟು ವರ್ಷ ಆ ಎಲೆಗೆ ಬಡಿಸಿದ್ದು ನಮ್ಮನೆಯೋರೇ." ಅವಳ ದನಿ ಒಂದೇ ಸಮನಾಗಿತ್ತು. "ಇವತ್ತು ಅವ್ರಿಗೆ ಹಾಕ್ತೀರಲ್ವ?"

ಸುನಿಲ್ ಅಧ್ಯಕ್ಷರ ಕಡೆ ನೋಡಿದ. ಅಧ್ಯಕ್ಷರು ಹೆಣದ ಕಾಲಿನ ಹೆಬ್ಬೆರಳಿಗೆ ಕಟ್ಟಿದ ದಾರ ನೋಡುತ್ತಿದ್ದರು.

"ಹಾಕ್ತೀವಿ ಮುತ್ತಮ್ಮ," ಎಂದರು ಕೊನೆಗೆ.

ಮುತ್ತಮ್ಮ ಮುಷ್ಟಿ ಬಿಚ್ಚಿದಳು. ಸುನಿಲ್ ತಲೆ ಎತ್ತದೆ ಬೀಗದ ಕೈ ಜೇಬಿಗೆ ಹಾಕಿಕೊಂಡು ಹೊರಟ. ಪಕ್ಕದ ವಿಜಯಪುರದ ಹೈಸ್ಕೂಲಿನಲ್ಲಿ ನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದ ಬೈಲಪ್ಪನ ಮಗಳು ಸಂಘಮಿತ್ರ ಅವನ ಮುಖ ನೋಡಿದಳು. ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗರ ಮುಖ ಹಾಗಿರುತ್ತದೆ.

*

ಬೈಲಪ್ಪ ನಲ್ಲೂರಿನವನು. ಪಿಯುಸಿ ಮುಗಿಸಿ, ವಿಜಯಪುರದಲ್ಲಿ ರೇಷ್ಮೆ ನೂಲು ಹುರಿ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಅದು ಮುಚ್ಚಿದಾಗ ಮೂವತ್ತರ ಹತ್ತಿರ ಬಂದಿದ್ದ. ಕ್ಲಬ್ಬಿಗೆ ಬಂದದ್ದು ಮೇಜು ಒರೆಸುವುದಕ್ಕೆ. ಬಂದ ಎರಡನೇ ತಿಂಗಳು, ಬೋರ್ಡು ಬರೆಯುವ ಗುಮಾಸ್ತ ಬಾರದಿದ್ದ ದಿನ ಸೀಮೆಸುಣ್ಣ ಇವನ ಕೈಗೆ ಬಂತು.

ಆಮೇಲೆ ಆ ಬೋರ್ಡು ಅವನದೇ ಆಯಿತು. "ಮುಂದಿನ ಕಾರ್ಯಕ್ರಮಗಳು" ಎಂದು ಮೇಲೆ ಬರೆದು ಕೆಳಗೆ ಒಂದೊಂದೇ ಸಾಲು. ಮೊದಲ ಶನಿವಾರ ಕುಟುಂಬ ಭೋಜನ. ಎರಡನೇ ಭಾನುವಾರ ಉಪನ್ಯಾಸ, ನಂತರ ಇಡ್ಲಿ-ವಡೆ. ಯುಗಾದಿಗೆ ಒಬ್ಬಟ್ಟಿನ ಊಟ, ಹೆಸರು ಮುಂಚಿತವಾಗಿ ಕೊಡತಕ್ಕದ್ದು. ಅವನ ಅಕ್ಷರ ನೋಡಲಿಕ್ಕೆಂದೇ ಕೆಲವರು ಬೋರ್ಡಿನ ಮುಂದೆ ನಿಲ್ಲುತ್ತಿದ್ದರು. ಯಾರಿಗೆ ಸಕ್ಕರೆ ಕಾಯಿಲೆ, ಯಾರ ಪಕ್ಕ ಯಾರನ್ನು ಕೂರಿಸಬಾರದು, ಯಾವ ಡಾಕ್ಟರು ಸಾರಿಗೆ ತುಪ್ಪ ಹಾಕಿಸಿಕೊಳ್ಳುವುದಿಲ್ಲ, ಎಲ್ಲವೂ ಅವನ ತಲೆಯಲ್ಲಿತ್ತು. ಕ್ಲಬ್ಬಿನಲ್ಲಿ ಅವನು ಕೂತು ಉಂಡದ್ದು ಮಾತ್ರ ಪಾತ್ರೆ ತೊಳೆಯುವ ಕಟ್ಟೆಯ ಮೇಲೆ.

ನಿಯಮ ಪುಸ್ತಕದ ಮೂರನೇ ಪುಟದಲ್ಲಿ ಒಂದು ಸಾಲಿತ್ತು. ಮಾನ್ಯತೆ ಪಡೆದ ಯಾವುದೇ ವಿಶ್ವವಿದ್ಯಾಲಯದ ಪದವೀಧರರು ಸದಸ್ಯತ್ವಕ್ಕೆ ಅರ್ಹರು. ನಲವತ್ತೊಂಬತ್ತನೇ ವಯಸ್ಸಿನಲ್ಲಿ ಅವನು ಅಂಚೆ ಮೂಲಕ ಬಿ.ಎ.ಗೆ ಕಟ್ಟಿದ. ಮಗಳು ಪಿಯುಸಿಗೆ ಓದುತ್ತಿದ್ದಳು. ಒಂದೇ ಕೋಣೆ, ಒಂದೇ ಬಲ್ಬು. "ಅಪ್ಪಾ, ನೀನು ಜೋರಾಗಿ ಓದ್ಬೇಡ, ನಂದು ಮರ್ತೋಗುತ್ತೆ" ಎಂದು ಸಂಘಮಿತ್ರ ರೇಗುತ್ತಿದ್ದಳು. ಐವತ್ತೆರಡಕ್ಕೆ ಪಾಸಾದ. ಎರಡನೇ ದರ್ಜೆ.

ಅರ್ಜಿ ಕೊಟ್ಟಾಗ ವೆಂಕಟರಾಯಪ್ಪನವರು ಬೆನ್ನು ತಟ್ಟಿದರು. "ಇಡೀ ಕ್ಲಬ್ಬೇ ನಿಂದಲ್ವೇನಪ್ಪ, ಮೆಂಬರ್‌ಶಿಪ್ ಯಾಕೆ? ರಿಟೈರ್ ಆಗು, ನೋಡೋಣ."

ಈ ತಿಂಗಳ ಕೊನೆಗೆ ಅವನಿಗೆ ನಿವೃತ್ತಿ ಇತ್ತು.

*

ಮಣ್ಣು ಮಾಡಿದ್ದು ಕೆರೆಯ ಹಿಂದಿನ ಜಾಗದಲ್ಲಿ, ಮೂರು ಗಂಟೆಯ ಬಿಸಿಲಿನಲ್ಲಿ. ಏರೋಪ್ಲೇನುಗಳು ತೀರ ತಗ್ಗಿನಲ್ಲಿ ಹಾದುಹೋಗುತ್ತಿದ್ದವು. ಒಂದೊಂದು ಬಂದಾಗಲೂ ಮಾತು ನಿಲ್ಲಿಸಿ ಕಾಯಬೇಕಾಗುತ್ತಿತ್ತು. ಕ್ಲಬ್ಬಿನಿಂದ ಬಡಿಸುವವರು ಐದೂ ಜನ ಬಂದಿದ್ದರು. ಅವರಲ್ಲಿ ಹಿರಿಯ ಅಪ್ಪಯ್ಯಣ್ಣ ಗುಂಡಿಗಿಳಿದು ತಲೆಯ ಕಡೆ ಹಿಡಿದ. ಸದಸ್ಯರಲ್ಲಿ ಉಳಿದದ್ದು ವೆಂಕಟರಾಯಪ್ಪನವರು ಒಬ್ಬರೇ.

ಜನ ಚದುರುವಾಗ ಸಂಘಮಿತ್ರ ಅವರ ಎದುರು ಬಂದು ನಿಂತಳು.

"ಸರ್, ಅಪ್ಪನ್ನ ಮೆಂಬರ್ ಮಾಡಿದ್ರಾ?"

ಅವರು ಕೈಯ ಮಣ್ಣು ಕೊಡವಿದರು.

"ನಮ್ಮಮ್ಮ ಅಷ್ಟು ಜನದ ಮುಂದೆ ಹೇಳಿದ್ಲು. ನೀವು ಹೂಂ ಅಂದ್ರಿ. ನಂಗೆ ಒಂದು ಮಾತು ಹೇಳಿ. ಮಾಡಿದ್ರಾ, ಇಲ್ವಾ?"

"ಇಲ್ಲ ಕಣಮ್ಮ."

ಅವಳು ದಾರಿ ಬಿಡದೆ ನಿಂತಳು. ಏರೋಪ್ಲೇನು ಇರಲಿಲ್ಲ, ಆದರೂ ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ ಹೇಳಿದರು.

*

ಈ ಸಲ ಆಗುತ್ತದೆ ಎಂದು ಬುಧವಾರ ಬೈಲಪ್ಪನಿಗೆ ಮಾತು ಕೊಟ್ಟವರು ಅವರೇ. ಶನಿವಾರ ನಮ್ಮ ಜೊತೆ ಕೂತ್ಕೋತೀಯ ಅಂದಿದ್ದರು. ಗುರುವಾರ ಸಮಿತಿ ಸೇರಿತು. ಬಡಿಸೋರೇ ಮೆಂಬರ್ ಆದ್ರೆ ನಾಳೆ ಅಡುಗೆಯೋರೂ ಅರ್ಜಿ ಹಾಕ್ತಾರೆ ಎಂದರು ಒಬ್ಬರು. ಕೆಲವು ಫ್ಯಾಮಿಲಿಯವರು ಬರೋದು ನಿಲ್ಲಿಸ್ತಾರೆ ಎಂದರು ಇನ್ನೊಬ್ಬರು. ಯಾಕೆ ನಿಲ್ಲಿಸುತ್ತಾರೆಂದು ಯಾರೂ ಕೇಳಲಿಲ್ಲ. ಬೇಕು ಎಂದು ಮೂರು ಕೈ, ಬೇಡ ಎಂದು ಆರು. ಅಧ್ಯಕ್ಷರು ಕೈ ಎತ್ತಬೇಕಾಗಿಲ್ಲ ಎಂಬ ನಿಯಮವಿತ್ತು. ಅವರು ಎತ್ತಲಿಲ್ಲ.

ಶುಕ್ರವಾರ ಸಂಜೆ ಸುನಿಲ್ ಡಿನ್ನರಿಗೆ ಕೂರುವವರ ಪಟ್ಟಿ ತಂದು ಬೈಲಪ್ಪನ ಮುಂದಿಟ್ಟ. ಪ್ರತಿ ಕುರ್ಚಿಗೆ ಒಂದು ಹೆಸರಿನ ಚೀಟಿ ಬರೆಯುವುದು ಪ್ರತಿ ವರ್ಷದ ಪದ್ಧತಿ. ಬೈಲಪ್ಪ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದ. ಪುಟ ತಿರುಗಿಸಿ ಮತ್ತೆ ಓದಿದ. ನೂರ ನಲವತ್ತು ಹೆಸರು. ಬಾಗಿಲಲ್ಲಿ ವೆಂಕಟರಾಯಪ್ಪನವರು ನಿಂತದ್ದು ಅವನಿಗೆ ಕಂಡಿತು; ಅವನು ನೋಡಿದ್ದು ಇವರಿಗೂ ಕಂಡಿತು. ಪೆನ್ನಿನ ಮುಚ್ಚಳ ತೆಗೆದು ಬರೆಯಲು ಕೂತ. ಒಂದು ಅಕ್ಷರ ಸೊಟ್ಟಗಾಗದಂತೆ ನೂರ ನಲವತ್ತೂ ಬರೆದು, ಮೇಜುಗಳ ಮೇಲೆ ಜೋಡಿಸಿ, ದೀಪ ಆರಿಸಿ ಹೋದ.

*

"ಒಂದ್ಮಾತೂ ಕೇಳ್ಲಿಲ್ಲ ಕಣಮ್ಮ ಅವ್ನು," ಎಂದರು ವೆಂಕಟರಾಯಪ್ಪನವರು. "ಬೈದಿದ್ರೆ ಚೆನ್ನಾಗಿತ್ತು."

"ಬೈದಿದ್ರೆ ನಿಮ್ಗೆ ಚೆನ್ನಾಗಿರ್ತಿತ್ತು ಸರ್," ಎಂದಳು ಸಂಘಮಿತ್ರ. "ಅಮ್ಮನಿಗೆ ಇದು ಗೊತ್ತಾಗ್ಬಾರ್ದು. ಆದ್ರೆ ಎಲೆ ಹಾಕ್ತೀನಿ ಅಂದಿದ್ದೀರ. ನಾನು ಬಂದು ನೋಡ್ತೀನಿ."

"ಸಮಿತಿಯವ್ರು ಒಪ್ಪಲ್ಲಮ್ಮ. ನಾನು ಒಬ್ನೇ ಏನ್..."

"ಬೆಳಿಗ್ಗೆ ಹಾಕ್ತೀವಿ ಅಂದೋರು ನೀವೊಬ್ರೇ."

ಮನೆಯಲ್ಲಿ ಎಲ್ಲರ ಸ್ನಾನ ಮುಗಿದು, ನೆಂಟರ ಮನೆಯಿಂದ ಬಂದ ಅನ್ನ-ಸಾರು ಮುಟ್ಟುವವರಿಲ್ಲದೆ ಆರುತ್ತಿತ್ತು. ಸಂಘಮಿತ್ರ ಹೊರಡಲು ಸೀರೆಯ ಸೆರಗು ಸರಿಮಾಡಿಕೊಂಡಳು. ನಂದೀಶ ತಾನು ಓಡಿಸುವ ಕ್ಯಾಬ್‌ನ ಕೀ ಹಿಡಿದು ತಾನೂ ಬರುತ್ತೇನೆಂದು ನಿಂತ. "ಹಾಕ್ಲಿಲ್ಲ ಅಂದ್ರೆ ಆ ಹಾಲಲ್ಲಿ ಒಬ್ನೂ ಉಣ್ಣಲ್ಲ ಇವತ್ತು."

"ನೀನು ಬೇಡ," ಎಂದಳು ಮುತ್ತಮ್ಮ. "ನೀನು ಕೈ ಮಾಡಿದ್ರೆ ನಾಳೆ ಅದನ್ನೇ ಹೇಳ್ತಾರೆ. ಅವಳನ್ನ ಬಿಟ್ಟು ವಾಪಸ್ ಬಾ."

ಮಗಳನ್ನು ಹತ್ತಿರ ಕರೆದಳು. "ಮೆಂಬರ್ ಮಾಡ್ಲಿಲ್ಲ ಅಂತ ಹೇಳಿದ್ರೇನೆ ಆ ಯಜಮಾನ್ರು?"

ಸಂಘಮಿತ್ರ ಬೆಚ್ಚಿದಳು.

"ರಾತ್ರಿ ಊಟಕ್ಕೆ ಕೂತಾಗ್ಲೇ ಹೇಳಿದ್ರು ನಿಮ್ಮಪ್ಪ. ಪಟ್ಟೀಲಿ ನನ್ನೆಸ್ರಿಲ್ಲ ಕಣೆ, ಅಂದ್ರು. ಅಷ್ಟೇ ಅಂದಿದ್ದು. ಆಮೇಲೆ ಮಜ್ಜಿಗೆ ಕೇಳಿದ್ರು."

"ಗೊತ್ತಿದ್ದೂ ಯಾಕಮ್ಮ ಬೆಳಿಗ್ಗೆ ಎಲ್ಲರ ಮುಂದೆ..."

"ಇಲ್ಲ ಅನ್ನೋದಾದ್ರೆ ಹೆಣದ ಮುಂದೆ ಅನ್ಲಿ ಅಂತ," ಎಂದಳು ಮುತ್ತಮ್ಮ. "ಅನ್ನಕ್ಕಾಗ್ಲಿಲ್ಲ ನೋಡು."

*

ಏಳೂವರೆಗೆ ಕ್ಲಬ್ಬಿನ ಅಂಗಳದಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಬೋರ್ಡಿನ ಮೇಲೆ ಬೈಲಪ್ಪನ ಅಕ್ಷರ ಹಾಗೇ ಇತ್ತು: ಶನಿವಾರ ವಾರ್ಷಿಕ ಭೋಜನ, ಭಾನುವಾರ ಚದುರಂಗ, ಹದಿನಾಲ್ಕಕ್ಕೆ ನಂದಿಬೆಟ್ಟಕ್ಕೆ ಪ್ರವಾಸ, ತಿಂಡಿ ಕಟ್ಟಿಸಲಾಗುವುದು. ಸಂಘಮಿತ್ರ ಹಾಲಿನ ಬಾಗಿಲಲ್ಲಿ ನಿಂತಳು. ಸುನಿಲ್ ಬೇಗ ಬೇಗ ಬಂದ.

"ಮೇಡಂ, ಸೂತಕದಲ್ಲಿ ಊಟದ ಹಾಲಿಗೆ..."

"ಒಳಗೆ ಬರಲ್ಲ ಸರ್. ಇಲ್ಲಿಂದಲೇ ಕಾಣುತ್ತೆ."

ಒಳಗೆ ಎಲೆಗಳ ಮುಂದೆ ಎಲ್ಲರೂ ಕೂತಿದ್ದರು, ಆದರೆ ಊಟ ಶುರುವಾಗಿರಲಿಲ್ಲ. ಮುಂದಿನ ಮೇಜಿನ ಹತ್ತಿರ ವೆಂಕಟರಾಯಪ್ಪನವರ ಸುತ್ತ ನಾಲ್ಕೈದು ಜನ ನಿಂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ವಕೀಲ ವೇಣುಗೋಪಾಲರ ಮಾತು ಮಾತ್ರ ಬಾಗಿಲವರೆಗೂ ಕೇಳಿತು. "ಮೌನಾಚರಣೆ ಮಾಡೋಣ ಸರ್, ಎರಡು ನಿಮಿಷ. ಎಲೆ ಅಂದ್ರೆ ಅದು ಸದಸ್ಯರಿಗೆ. ನಾವೇ ತಿರಸ್ಕಾರ ಮಾಡಿ, ನಾವೇ ಹಾಕೋದಾ? ರೆಕಾರ್ಡಲ್ಲಿ ಏನಂತ ಬರೀತೀರ?"

"ನಾವು ಮಾಡಿದ್ದೇ ತಪ್ಪು ಅಂತ ಬರಿ," ಎಂದರು ವೆಂಕಟರಾಯಪ್ಪನವರು. ಜೋರಾಗಿಯೇನೂ ಹೇಳಲಿಲ್ಲ. ಆದರೆ ಹಿಂದಿನ ಮೇಜಿನವರೂ ತಿರುಗಿ ನೋಡಿದರು.

ಅವರು ತಮ್ಮ ಕುರ್ಚಿಯ ಮುಂದಿನ ಹೆಸರಿನ ಚೀಟಿ ತೆಗೆದು ಜೇಬಿಗೆ ಹಾಕಿಕೊಂಡರು. "ಅಪ್ಪಯ್ಯಣ್ಣ, ಇದೇ ಮೊದಲ ಎಲೆ. ಬಡಿಸು."

ಅಪ್ಪಯ್ಯಣ್ಣ ಗೋಡೆಗೊರಗಿ ಕೈ ಕಟ್ಟಿ ನಿಂತಿದ್ದ. ಉಗುರಲ್ಲಿ ಇನ್ನೂ ಮಣ್ಣಿತ್ತು. ಅವನ ಪಕ್ಕದ ನಾಲ್ವರೂ ಅಲುಗಲಿಲ್ಲ.

"ಆ ಎಲೆಗೆ ನಾನು ಬಡಿಸಲ್ಲ ಬುದ್ಧಿ," ಎಂದ. "ಮೂವತ್ತು ವರ್ಷ ನಿಮ್ಮೋರಿಗೆ ಅವ್ರು ಬಡಿಸಿದ್ರು. ಅವ್ರಿಗೆ ನಿಮ್ಮಲ್ಲೇ ಯಾರಾದ್ರೂ ಬಡಿಸಿ."

ಯಾರೋ ಕುರ್ಚಿ ಎಳೆದುಕೊಂಡು ಎದ್ದರು. ಅವರ ಹಿಂದೆ ಅವರ ಹೆಂಡತಿ, ಆಮೇಲೆ ಇನ್ನೊಂದು ಮೇಜಿನಿಂದ ಐದಾರು ಜನ. ಸಂಘಮಿತ್ರಳನ್ನು ಸುತ್ತುಬಳಸಿ ಹೊರಗೆ ಹೋದರು. ಅಂಗಳದಲ್ಲಿ ಎರಡು ಕಾರು ಸ್ಟಾರ್ಟಾದ ಸದ್ದಾಯಿತು. ಉಳಿದವರು ಎಲೆಯ ಮುಂದೆ ತೊಡೆಯ ಮೇಲೆ ಕೈಯಿಟ್ಟು ಕೂತರು. ಸುನಿಲ್ ಹೋಗುವವರನ್ನೂ ಕೂತವರನ್ನೂ ನೋಡುತ್ತ ನಡುವೆಯೇ ನಿಂತ.

ವೆಂಕಟರಾಯಪ್ಪನವರು ಹೆಗಲ ಮೇಲಿನ ಶಾಲು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದರು. ಉಪ್ಪಿನ ಬಟ್ಟಲು ತೆಗೆದುಕೊಂಡು ಎಲೆಯ ಮುಂದೆ ನಿಂತವರು, ಚಮಚ ಅತ್ತ ಇತ್ತ ಆಡಿಸಿದರು. ಎಲ್ಲಿ ಹಾಕಬೇಕೆಂದು ಅವರಿಗೆ ಗೊತ್ತಿರಲಿಲ್ಲ.

"ಎಡಗಡೆ ತುದಿಗೆ ಸರ್," ಎಂದಳು ಸಂಘಮಿತ್ರ ಬಾಗಿಲಿನಿಂದ.

ಅವಳ ಕೈಯಲ್ಲಿ ಫೋನು ನಡುಗಿತು. ಅಮ್ಮ.

"ಹಾಕಿದ್ರೇನೆ?"

"ಹಾಕ್ತಿದ್ದಾರಮ್ಮ."

"ಯಾರು?"

"ಪ್ರೆಸಿಡೆಂಟ್ರು."

"ಏನೇನು ಬಡಿಸ್ತಿದ್ದಾರೆ ಹೇಳು. ಒಂದೊಂದೇ ಹೇಳು."

"ಉಪ್ಪಾಯ್ತು. ಕೋಸಂಬರಿ. ಈಗ ಪಲ್ಯ, ಹುರುಳಿಕಾಯಿದು. ಜಾಸ್ತಿ ಹಾಕ್ಬಿಟ್ರು. ಒಬ್ಬಟ್ಟು ಇಟ್ರು. ತುಪ್ಪ ಎಲೆಯಿಂದ ಆಚೆ ಹೋಯ್ತಮ್ಮ."

"ಬಗ್ಗಿ ಬಡಿಸ್ತಿದ್ದಾರಾ?"

ಸಂಘಮಿತ್ರ ನೋಡಿದಳು. "ಹೂಂ. ಬಗ್ಗಿದ್ದಾರೆ."

ವೆಂಕಟರಾಯಪ್ಪನವರು ಅನ್ನದ ತಟ್ಟೆಯನ್ನು ಎಡಗೈಯಲ್ಲಿ ಎದೆಗೊತ್ತಿ ಹಿಡಿದು ಒಂದು ಸೌಟು ಬಡಿಸಿದರು. ಎರಡನೆಯದು ಬಡಿಸಿದರು. ಮೂರನೇ ಸೌಟು ತುಂಬಿಕೊಂಡು ಎಲೆಯ ಮೇಲೆ ಹಿಡಿದರು. ಹಾಗೇ ಬಗ್ಗಿಕೊಂಡು, ಸಾಕು ಎನ್ನುವುದನ್ನು ಕಾಯುತ್ತ, ಖಾಲಿ ಕುರ್ಚಿಯ ಕಡೆ ಮುಖ ಎತ್ತಿದರು.