ಜಟ್ಟುವಿನ ಬಿಡುಗಡೆ

'ಕೊಡಿ ಸಾಯ್ಬ್ರೆ, ಒಂದ್ ಗಳಿಗೆ ಕೆಲ್ಸ' ಎಂದು ಜಟ್ಟು ಮತ್ತೆ ಕೈ ಚಾಚಿದಾಗ ರಾಮನಾಥ ಬೂಟನ್ನು ಎದೆಗೆ ಅವಚಿಕೊಂಡುಬಿಟ್ಟ.

'ಬೇಡ ಅಂದೆನಲ್ಲ!'

ಬಿಳಿ ಬನಿಯನ್ನಿಗೆ ಕರಿ ಪಾಲಿಶ್ ಮೆತ್ತಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಾಗಶ್ರೀ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದ ಡಿವೈಎಸ್ಪಿ ಸಾಹೇಬ ಸ್ವಂತ ಬೂಟಿಗೆ ಪಾಲಿಶ್ ಹಚ್ಚಲು ಬಾರದೆ ಜಗಲಿಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. ಹಚ್ಚಲು ಬರುವವನು ಎದುರಿಗೆ ಸುಮ್ಮನೆ ನಿಂತಿದ್ದ.

ಆದೇಶ ನಿನ್ನೆ ಸಂಜೆ ರಾಮನಾಥನೇ ಹೊರಡಿಸಿದ್ದು. ತನ್ನ ಉಪವಿಭಾಗದಲ್ಲಿ ಇನ್ನು ಯಾವ ಪೊಲೀಸನೂ ಸಾಹೇಬರ ಮನೆಯ ಆರ್ಡರ್ಲಿಯಾಗಿ ಬಟ್ಟೆ ಒಗೆಯಬೇಕಾಗಿಲ್ಲ, ಮೀನು ಹಸನು ಮಾಡಬೇಕಾಗಿಲ್ಲ, ಮಕ್ಕಳ ಚೀಲ ಹೊತ್ತು ಶಾಲೆಗೆ ನಡೆಯಬೇಕಾಗಿಲ್ಲ. ಎಲ್ಲರೂ ಠಾಣೆಗೆ ವಾಪಸು. ಹಿಂದಿನ ವರ್ಷ ಸುಪ್ರೀಂ ಕೋರ್ಟು ಪೊಲೀಸ್ ಸುಧಾರಣೆಯ ಆಜ್ಞೆ ಮಾಡಿದಾಗಿನಿಂದ ಇಲಾಖೆಯಲ್ಲಿ ಭಾಷಣಗಳಿಗೆ ಬರವಿರಲಿಲ್ಲ. ರಾಮನಾಥನೂ ಬೆಂಗಳೂರಿಗೆ ಹೋಗಿ ಒಂದು ಬಿಗಿದು ಬಂದಿದ್ದ. ಚಪ್ಪಾಳೆ ಜೋರಾಗಿಯೇ ಬಿದ್ದಿತ್ತು. ಬಿದ್ದ ಚಪ್ಪಾಳೆಗೆ ತಕ್ಕಂತೆ ಬದುಕಬೇಕಲ್ಲ, ಅದಕ್ಕೇ ಈ ಬೂಟಿನ ಒದ್ದಾಟ.

'ನೀನು ಆಳಲ್ಲ ಜಟ್ಟು. ಪೊಲೀಸ್' ಎಂದ. 'ಇವತ್ತಿಂದ ನಿನಗೆ ಬಿಡುಗಡೆ.'

ಜಟ್ಟು ತಲೆಯಾಡಿಸಿದ. ಖುಷಿಯಾದ ಹಾಗೆ ಕಾಣಲಿಲ್ಲ. ರಾಮನಾಥನಿಗೆ ಸ್ವಲ್ಪ ನಿರಾಸೆಯೇ ಆಯಿತು.

ಅವನು ಸಮವಸ್ತ್ರ ತೊಟ್ಟು ಜೀಪಿನ ಕಡೆ ಹೊರಟಾಗ ಜಟ್ಟು ತೆಂಗಿನ ಬುಡದ ತನಕ ಹಿಂದೆಯೇ ಬಂದ. ಕಾರವಾರದ ಕೋಡಿಬಾಗದ ಆ ಮನೆಯ ಹಿತ್ತಿಲಿಂದ ಕಾಳಿ ನದಿ ಕಾಣುತ್ತದೆ. ಜಟ್ಟು ಅತ್ತ ನೋಡುತ್ತ ನಿಂತುಕೊಂಡ.

'ನಂಗೆ ಠಾಣೆ ಡ್ಯೂಟಿ ಬೇಡ್ರಾ ಸಾಯ್ಬ್ರೆ.'

'ಯಾಕೆ?'

'ನನ್ ಕೈಲಿ ಲಾಠಿ ಕೊಡಬೇಡಿ.'

'ಏನಾಯ್ತು ಹೇಳು.'

ಜಟ್ಟು ಹೇಳಿದ. ನಿಧಾನವಾಗಿ, ಬೇರೆ ಯಾರದೋ ಸುದ್ದಿ ಹೇಳಿದಂತೆ ಹೇಳಿದ. 'ನಮ್ ತೋಡೂರ ಬದಿಗೆ ನೌಕಾನೆಲೆಗೆ ಅಂತ ಜಾಗ ಬಿಡಿಸ್ತಿದ್ದ ಕಾಲ. ಒಂದ್ ಕೇರಿಗೆ ನಮ್ಮನ್ನ ಹಾಕಿದ್ರು. ಎಲ್ಲಾ ಓಡಿದ್ರು. ಒಬ್ಬ ಮುದ್ಕ ಮಾತ್ರ ಅಂಗಳದಲ್ಲೇ ಕೂತಿದ್ದ. ಹೊಡಿ ಅಂದ್ರು, ಹೊಡ್ದೆ. ಸಾಕು ಅಂದ್ರು. ನಾ ನಿಲ್ಲಿಸ್ಲಿಲ್ಲ. ಎಲ್ಲಾ ಸೇರಿ ನನ್ನ ಹಿಡ್ಕಂಡು ಎಳೀಬೇಕಾಯ್ತು.'

'ಬದುಕಿದನಾ?'

'ಬದುಕ್ದ. ಬಾಯಿ ಹೋಯ್ತು. ಮಾತಾಡೂದಿಲ್ಲ.'

'ಆಮೇಲೆ ನಿನಗೆ ಬೇಜಾರಾಗಿರಬೇಕು.'

'ಆಮೇಲೆ ಆಗಿತ್ತು. ಹೊಡಿವಾಗ ಎಂತಾ ಆಗಿತ್ತು ಅಂದ್ರೆ...' ಜಟ್ಟು ಕೈಯನ್ನು ಲುಂಗಿಗೆ ಒರೆಸಿಕೊಂಡ. 'ಮೈ ಹಗೂರ ಆಗಿತ್ತು ಸಾಯ್ಬ್ರೆ. ಅದೇ ನಂಗೆ ಹೆದ್ರಿಕೆ. ಹಳೇ ಸಾಯ್ಬ್ರಿಗೆ ಗೊತ್ತಿತ್ತು. ಅವ್ರೇ ಮನೆ ಕೆಲ್ಸಕ್ಕೆ ಹಾಕಂಡಿದ್ರು. ಇಲ್ಲಿ ಮೀನು, ತೆಂಗು, ನಿಮ್ ಮಗ್ಳು ದೀಕ್ಷಾಳ ಚೀಲ. ರಾತ್ರಿ ನಿದ್ರೆ ಬತ್ತದೆ.'

ಇದಕ್ಕೆ ಪುಸ್ತಕದಲ್ಲಿ ಒಂದು ಹೆಸರಿದೆ. ಇಪ್ಪತ್ತು ವರ್ಷದ ಹಿಂದೆ ಓದಿದ್ದು ತಟ್ಟನೆ ನೆನಪಾದದ್ದಕ್ಕೆ ರಾಮನಾಥನಿಗೆ ಒಳಗೊಳಗೇ ಸಂತೋಷವಾಯಿತು. ಆ ಸಂತೋಷಕ್ಕೆ ನಾಚಿಕೆಯೂ ಆಯಿತು. ಗಂಟಲು ಸರಿಮಾಡಿಕೊಂಡ.

'ಮುಂದಿನ ತಿಂಗಳು ಬೆಂಗಳೂರಿನಿಂದ ಆಪ್ತಸಲಹೆಯವರು ಬರ್ತಾರೆ. ಅವರ ಹತ್ತಿರ ಇದನ್ನೆಲ್ಲ ಬಿಚ್ಚಿ ಹೇಳು.'

'ಮುಂದಿನ ತಿಂಗ್ಳಾ?'

'ಹೂಂ.'

'ಅಲ್ಲೀವರೆಗೆ ಇಲ್ಲೇ ಇರ್ತೆ. ತೆಂಗಿಗೆ ನೀರು ಹಾಕಂಡು.'

ರಾಮನಾಥ ಟೋಪಿ ಮರೆತೆನೆಂದು ಒಳಗೆ ಹೋದ. ನಾಗಶ್ರೀ ಎಲ್ಲ ಕೇಳಿಸಿಕೊಂಡಿದ್ದಳು.

'ಇರ್ಲಿ ಬಿಡಿ ಅಂವ ಇಲ್ಲೇ. ಮನಸ್ಸು ಸರಿ ಇಲ್ದಂವ' ಎಂದಳು. 'ಬಂಗಡೆ ಬೇರೆ ತಂದಾಗಿದೆ. ನಂಗೆ ಕೊಯ್ಯೂಕೆ ಬತ್ತದಾ?'

'ನಿನಗೆ ಬೇಕಾದ್ದು ಅವನ ಮನಸ್ಸೋ, ಮೀನೋ?'

'ಎರಡೂ. ಏನೀಗ?'

ಅವಳಿಗೆ ಎಷ್ಟು ಸಲೀಸು! ಎರಡೂ ಅಂತೆ. ಅವನಿಗೆ ಅದು ಆಗುವುದಿಲ್ಲ. ಜಟ್ಟುವಿನ ಮೇಲೆ ಕನಿಕರ ಹುಟ್ಟಿದ್ದು ನಿಜ. ಆದರೆ ಅದರ ಹಿಂದೆಯೇ ಗರಿಗರಿ ಇಸ್ತ್ರಿಯಾದ ಸಮವಸ್ತ್ರ, ಕೇಳುವ ಮೊದಲೇ ಬರುತ್ತಿದ್ದ ಚಾ, ಮುಳ್ಳಿಲ್ಲದ ಮೀನು ಎಲ್ಲ ಸಾಲಾಗಿ ಬಂದು ನಿಂತವು. ಇದರಲ್ಲಿ ಕನಿಕರ ಎಷ್ಟು, ಸುಖ ಎಷ್ಟು? ಬಿಡಿಸಿ ನೋಡಲು ಹೋದಷ್ಟೂ ಸಿಕ್ಕಾಯಿತು. ಜಟ್ಟುವನ್ನು ಇಟ್ಟುಕೊಂಡರೆ ನಾಳೆ ಇಡೀ ಇಲಾಖೆ ಏನೆನ್ನುತ್ತದೆ ಎಂಬುದು ಗೊತ್ತೇ ಇತ್ತು. ತನಗೇ ತಾನು ಏನೆಂದುಕೊಳ್ಳಬೇಕು ಎಂಬುದು ಅದಕ್ಕಿಂತ ಕಷ್ಟದ್ದು. ತನ್ನ ದಯೆಯ ಮೇಲೆ ತನಗೇ ನಂಬಿಕೆ ಇಲ್ಲದವನು ಕಾನೂನನ್ನು ಹಿಡಿದುಕೊಳ್ಳುತ್ತಾನೆ. ರಾಮನಾಥ ಹಿಡಿದುಕೊಂಡ.

'ಸಮವಸ್ತ್ರ ಹಾಕಿಕೊಂಡು ಠಾಣೆಗೆ ಹೋಗು' ಎಂದು ಜಟ್ಟುವಿಗೆ ಹೇಳಿ ಜೀಪು ಹತ್ತಿದ. ಬೂಟು ಒಂದು ಹೊಳೆಯುತ್ತಿತ್ತು, ಇನ್ನೊಂದು ಮಸುಕಾಗಿತ್ತು.

ಕಚೇರಿಯಲ್ಲಿ ಇನ್‌ಸ್ಪೆಕ್ಟರ್ ಸತೀಶ ಕಾಯುತ್ತಿದ್ದ.

'ಸಾರ್, ಹಟ್ಟಿಕೇರಿ ಹತ್ರ ಹೆದ್ದಾರಿ ಬಂದ್ ಮಾಡಿದ್ದಾರೆ. ತಿಮ್ಮುನ ಕಡೆಯವರು.'

ತಿಮ್ಮು ಯಾರೆಂದು ರಾಮನಾಥನಿಗೆ ಯಾರೂ ಹೇಳಬೇಕಾಗಿರಲಿಲ್ಲ. ವಾರದ ಹಿಂದೆ ರಸ್ತೆ ಪಕ್ಕದ ಒಂದು ಹೊರಠಾಣೆಯಲ್ಲಿ ಒಬ್ಬ ದಫೇದಾರ ಆ ಹುಡುಗನ ತೋಳು ಮುರಿದಿದ್ದ. ಸೈಕಲ್ಲಿಗೆ ದೀಪ ಇರಲಿಲ್ಲ, ಎದುರು ಮಾತಾಡಿದ, ಅಷ್ಟೇ ಕಾರಣ. ಹುಡುಗ ಆಸ್ಪತ್ರೆಯಲ್ಲಿದ್ದ. ದಫೇದಾರ ಹೊಟ್ಟೆನೋವೆಂದು ರಜೆ ಹಾಕಿ ಕಾಣೆಯಾಗಿದ್ದ. ವಿಚಾರಣೆ ರಾಮನಾಥನದೇ. ಎರಡೂ ಕಡೆ ಕೇಳಬೇಕು, ಆತುರ ಸಲ್ಲ ಎಂದು ಅವನು ಬಹಳ ನ್ಯಾಯವಾಗಿ ತಡ ಮಾಡುತ್ತಿದ್ದ.

'ಏನಂತೆ ಅವರದು?'

'ಹೊಡೆದವನನ್ನ ಹಿಡಿದು ತೋರ್ಸಿ ಅಂತಾರೆ. ಅಲ್ಲೀವರೆಗೆ ಏಳೂದಿಲ್ಲ. ಲಾರಿ ಎಲ್ಲಾ ಅಂಕೋಲೆ ತನಕ ನಿಂತಿವೆ. ಹುಡುಗನ ಅವ್ವಿ ಬೀರಿ ಅಂತ, ನಡು ರಸ್ತೇಲಿ ಕೂತುಬಿಟ್ಟಿದೆ.'

'ಜನ ಇದ್ದಾರಾ ನಮ್ಮಲ್ಲಿ?'

'ಇವತ್ತು ಇದ್ದಾರೆ ಸಾರ್' ಎಂದ ಸತೀಶ, ಮುಖದಲ್ಲಿ ಏನೂ ತೋರಿಸದೆ. 'ನಿಮ್ ಆದೇಶದಿಂದ ಬಂದವರು.'

ಅಂಗಳದಲ್ಲಿ ಬಿಡುಗಡೆಯಾದ ಆರ್ಡರ್ಲಿಗಳೆಲ್ಲ ಸಾಲಾಗಿ ನಿಂತಿದ್ದರು. ಒಬ್ಬನ ಅಂಗಿ ಗುಂಡಿ ಹಾಕಲು ಬಾರದಷ್ಟು ಬಿಗಿಯಾಗಿತ್ತು, ಇನ್ನೊಬ್ಬನ ಬೆಲ್ಟಿಗೆ ಬೂಷ್ಟು ಹಿಡಿದಿತ್ತು. ಕೊನೆಯಲ್ಲಿ ಜಟ್ಟು. ಅವನ ಇಸ್ತ್ರಿ ಮಾತ್ರ ಕತ್ತಿಯಂತಿತ್ತು. ಸತೀಶ ಒಬ್ಬೊಬ್ಬರಿಗೂ ಲಾಠಿ ಕೊಡುತ್ತ ಬಂದ. ಜಟ್ಟು ತೆಗೆದುಕೊಂಡ. ತೆಗೆದುಕೊಂಡವನು ರಾಮನಾಥನ ಮುಖ ನೋಡಿದ.

ಈಗ ಹೇಳಬೇಕು. 'ಜಟ್ಟು, ನೀನಿರು' ಅಂದರೆ ಮುಗಿಯಿತು. ರಾಮನಾಥ ಒಂದು ಹೆಜ್ಜೆ ಮುಂದೆ ಹಾಕಿದ. ಕಿಸೆಯಲ್ಲಿ ಮೊಬೈಲು ಕಿರುಚಿತು. ನಾಗಶ್ರೀ.

'ಜಟ್ಟು ಅಲ್ಲಿದ್ದಾನಾ? ಕಳ್ಸಿಕೊಡಿ ಅವನನ್ನ. ಹೋಗುವಾಗ ಅವನ ಮೋರೆ ನೋಡಿದ್ದೆ, ಸರಿ ಇಲ್ಲ. ಮೀನಿನ ನೆಪ ಮಾಡಿಯಾದ್ರೂ ಕಳ್ಸಿ, ನಿಮ್ಮ ದಮ್ಮಯ್ಯ.'

ಅಂಗಳದಲ್ಲಿ ಎಲ್ಲರೂ ನೋಡುತ್ತಿದ್ದರು. ಸಾಹೇಬರ ಮನೆಯಿಂದ ಫೋನು ಎಂಬುದು ಎಲ್ಲರಿಗೂ ತಿಳಿದಿತ್ತು. ಬೂಷ್ಟು ಹಿಡಿದ ಬೆಲ್ಟಿನವನು ತುಟಿ ಕಚ್ಚಿಕೊಂಡು ನೆಲ ನೋಡಿದ. ನಗುತ್ತಿದ್ದಾನೆ, ರಂಡೆಗಂಡ! ರಾಮನಾಥನ ಕಿವಿ ಬಿಸಿಯಾಯಿತು.

'ಮೀನು ಗೀನು ಅಂತ ಇಲ್ಲಿಗೆ ಫೋನ್ ಮಾಡಬೇಡ' ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಫೋನಿಟ್ಟ. ಅದೇ ದನಿಯಲ್ಲಿ, 'ಹತ್ತಿ ಎಲ್ಲ!' ಎಂದ.

ವ್ಯಾನು ಮುಂದೆ, ಅವನ ಜೀಪು ಹಿಂದೆ. ವ್ಯಾನಿನ ಹಿಂಬಾಗಿಲ ಪಕ್ಕದಲ್ಲೇ ಜಟ್ಟು ಕೂತಿದ್ದ. ಬಿಣಗಾ ದಾಟಿ, ಅರ್ಗಾ ದಾಟಿ, ನೌಕಾನೆಲೆಯ ಗೋಡೆ ಶುರುವಾಯಿತು. ಒಂದು ಕಾಲಕ್ಕೆ ಗದ್ದೆಯಿಂದ ನೇರ ಸಮುದ್ರ ಕಾಣುತ್ತಿದ್ದ ಕಡೆಯಲ್ಲೆಲ್ಲ ಈಗ ಗೋಡೆ, ಗೋಡೆಯ ಮೇಲೆ ಮುಳ್ಳುತಂತಿ. ತೋಡೂರು ಬಂದಾಗಲೂ ಜಟ್ಟು ತಲೆ ಎತ್ತಲಿಲ್ಲ. ಮೊಣಕಾಲ ನಡುವೆ ಏನೋ ಮಾಡುತ್ತಿದ್ದ. ವ್ಯಾನು ನಿಲ್ಲಿಸಿ ಅವನನ್ನು ಇಳಿಸಿ ಬಸ್ಸು ಹತ್ತಿಸಿಬಿಡಲೇ ಎಂದು ರಾಮನಾಥನಿಗೆ ಅನ್ನಿಸಿತು. ಅವರ್ಸಾ ಬಂತು. ಇನ್ನೂ ಅನ್ನಿಸುತ್ತಲೇ ಇತ್ತು. ಹಟ್ಟಿಕೇರಿ ಬಂದುಬಿಟ್ಟಿತು.

ರಸ್ತೆಯ ತುಂಬ ಜನ. ಗದ್ದೆ ಕೆಲಸ ಬಿಟ್ಟು ಬಂದವರು, ಕೂಲಿಯವರು, ಹೆಂಗಸರೇ ಹೆಚ್ಚು. ನಡುವೆ ಬೀರಿ ಕಾಲು ಚಾಚಿ ಕೂತಿದ್ದಳು, ಸ್ವಂತ ಅಂಗಳದಲ್ಲಿ ಕೂತ ಹಾಗೆ. ಕೂಗಾಟವಿರಲಿಲ್ಲ. ಕೂಗಿದ್ದರೆ ರಾಮನಾಥನಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು. ಯಾರ ಕೈಯಲ್ಲೋ ಕಲ್ಲು ಕಂಡಿತು.

ಪೊಲೀಸರು ಇಳಿದು ಸಾಲು ಕಟ್ಟಿದರು. ಸತೀಶ ವ್ಯಾನಿನ ಹಿಂದೆ ಹೋದವನು ಬೆವರು ಒರೆಸಿಕೊಳ್ಳುತ್ತ ಬಂದ.

'ಸಾರ್, ಜಟ್ಟು ಇಳಿಯೂದಿಲ್ಲ. ಇಳಿಯೂಕೆ ಆಗೂದೂ ಇಲ್ಲ. ನೀವೇ ನೋಡಿ.'

ರಾಮನಾಥ ಹೋಗಿ ನೋಡಿದ. ಹಿಂಬಾಗಿಲ ಪಕ್ಕದ ಕಬ್ಬಿಣದ ಸರಳಿಗೆ ಜಟ್ಟು ತನ್ನ ಬಲಗೈಯನ್ನು ಕೋಳ ಹಾಕಿ ಬಿಗಿದುಕೊಂಡಿದ್ದ. ವ್ಯಾನಿನ ಪೆಟ್ಟಿಗೆಯಲ್ಲೇ ಬಿದ್ದಿರುವ, ಕಳ್ಳರಿಗೆ ಹಾಕುವ ಕೋಳ. ಲಾಠಿಯನ್ನು ಆಚೆ ಮೂಲೆಗೆ ಒದ್ದುಬಿಟ್ಟಿದ್ದ.

'ಕೀಲಿ ಎಲ್ಲಿ?'

'ಕಾರವಾರದಲ್ಲಿ. ಠಾಣೆ ಕಪಾಟಲ್ಲಿ.'

'ಇದೆಂಥ ಹುಚ್ಚಾಟ ಜಟ್ಟು!'

'ಕೊಡಬೇಡಿ ಅಂದಿದ್ದೆ ಸಾಯ್ಬ್ರೆ.'

ದೂರಿನ ದನಿಯಲ್ಲ. ಹಿತ್ತಿಲಲ್ಲಿ ಬಟ್ಟೆ ಹರವುತ್ತ ಮಳೆ ಬರಬಹುದು ಎನ್ನುತ್ತಿದ್ದನಲ್ಲ, ಅದೇ ದನಿ. ರಾಮನಾಥನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂದಂತಾಯಿತು. ಕೊನೆಗೆ ಉಳಿದದ್ದು ಹೊಟ್ಟೆಕಿಚ್ಚು. ತನ್ನ ಕೈಲಿ ಯಾವುದು ಆಗುವುದಿಲ್ಲ ಎಂಬುದು ಈ ಜಟ್ಟುವಿಗೆ ಎಷ್ಟು ಚೆನ್ನಾಗಿ ಗೊತ್ತು!

ಅಷ್ಟರಲ್ಲಿ ಜನರಲ್ಲಿ ಯಾರೋ ಇಣುಕಿದರು.

'ಅರೆ, ನೋಡ್ರಾ ಇಲ್ಲಿ! ಪೊಲೀಸಗೇ ಕೋಳ ಹಾಕಿ ತಂದವ್ರೆ!'

ಮಾತು ರಸ್ತೆಯ ಆ ತುದಿಯವರೆಗೆ ಓಡಿತು. ಕೂತವರು ಎದ್ದರು. ಸಾಲು ಕಟ್ಟಿದ್ದ ಪೊಲೀಸರು ಏನು ಮಾಡಬೇಕೆಂದು ತಿಳಿಯದೆ ದಾರಿ ಬಿಟ್ಟರು. ಒಂದು ಗಳಿಗೆಯಲ್ಲಿ ವ್ಯಾನಿನ ಸುತ್ತ ಜನವೋ ಜನ.

'ಇವನೆಯಾ ಸಾಯ್ಬ್ರೆ, ತಿಮ್ಮುನ ಹೊಡ್ದಂವ?'

ರಾಮನಾಥ ಬಾಯಿ ತೆರೆದ. ಸತೀಶ ಕಿವಿಯ ಹತ್ತಿರ ಬಂದು, 'ಸುಮ್ನಿರಿ ಸಾರ್, ದೇವರು ದೊಡ್ಡವನು' ಎಂದು ಪಿಸುಗುಟ್ಟಿದ.

ಅಲ್ಲ ಎಂದರೆ ಸಾಕಿತ್ತು. ಅಲ್ಲ ಎಂದರೆ ಮತ್ತೆ ಯಾರು ಎನ್ನುತ್ತಾರೆ. ಆ ದಫೇದಾರ ಎಲ್ಲಿ ಎನ್ನುತ್ತಾರೆ. ಇವನಿಗೇಕೆ ಕೋಳ ಎನ್ನುತ್ತಾರೆ. ಆಮೇಲೆ ಕಲ್ಲು, ಆಮೇಲೆ ಲಾಠಿ. ಸುಮ್ಮನಿದ್ದರೆ ರಸ್ತೆ ತೆರೆಯುತ್ತದೆ, ಯಾರ ಮೈಗೂ ಪೆಟ್ಟಾಗುವುದಿಲ್ಲ. ನಾಳೆ ಎಲ್ಲ ವಿವರಿಸಿದರಾಯಿತು. ನಾಳೆ ಬರೆದು ತಿಳಿಸಿದರಾಯಿತು. ಅವನ ಬಾಯಿ ತೆರೆದೇ ಇತ್ತು.

ಜಟ್ಟು ಅವನನ್ನೇ ನೋಡುತ್ತಿದ್ದ. ಎಲ್ಲ ಅರ್ಥವಾಯಿತು ಎಂಬಂತೆ ತಲೆಯಾಡಿಸಿದ, ಬೆಳಿಗ್ಗೆ ಬಿಡುಗಡೆ ಎಂದಾಗ ಆಡಿಸಿದಂತೆಯೇ. ಆಮೇಲೆ ಜನರ ಕಡೆ ತಿರುಗಿದ.

'ಹೌದು. ನಾ ಹೊಡ್ದಿದ್ದೆ.'

ಆ ಮುದುಕನನ್ನು ಹೊಡೆದವನೇ ತಾನೆ, ಸುಳ್ಳೇನಲ್ಲವಲ್ಲ ಎಂದು ರಾಮನಾಥನಿಗೆ ಹೊಳೆಯಿತು. ಹೊಳೆದ ಕೂಡಲೇ ಎದೆಯ ಭಾರ ಇಳಿಯಿತು, ಮೈ ಹಗುರಾಯಿತು. ಥೂ, ಎಂದುಕೊಂಡ. ಆದರೂ ಹಗುರವಾಗಿಯೇ ಇತ್ತು.

ಆಚೆ ಲಾರಿಗಳು ಒಂದೊಂದಾಗಿ ಎಂಜಿನ್ ಶುರು ಮಾಡಿದವು. ಯಾರೋ ಚಪ್ಪಾಳೆ ತಟ್ಟಿದರು. 'ಈ ಸಾಯ್ಬ್ರು ಒಳ್ಳೇವ್ರಪ್ಪ, ನ್ಯಾಯ ಮಾಡಿದ್ರು' ಎಂದರು. ಸತೀಶ ಉಸಿರು ಬಿಟ್ಟ.

ಜನ ಸರಿದು ಬೀರಿಗೆ ದಾರಿ ಮಾಡಿಕೊಟ್ಟರು. ಕುಳ್ಳಗಿನ ಹೆಂಗಸು. ವ್ಯಾನಿನ ಮೆಟ್ಟಿಲ ಹತ್ತಿರ ಬಂದು ಜಟ್ಟುವಿನ ಮುಖ ನೋಡಿದಳು, ಕೋಳ ನೋಡಿದಳು.

'ನನ್ ಹುಡ್ಗ ನಿಂಗೆ ಎಂತಾ ಮಾಡಿದ್ನಾ?'



ಅವಳು ಕೈ ಎತ್ತಿದಳು. ಎಟುಕಲಿಲ್ಲ. ನಡುವೆ ಬಾಗಿಲಿಗೆ ಅಡ್ಡವಾಗಿ ರಾಮನಾಥ ನಿಂತಿದ್ದ.

'ಬದೀಗೆ ಸರೀರಾ ಒಡೆಯಾ' ಎಂದಳು ಬೀರಿ, ತಗ್ಗಿದ ದನಿಯಲ್ಲಿ.

ಜಟ್ಟು ಸರಪಳಿ ಬಿಟ್ಟಷ್ಟು ದೂರ ಹೊರಗೆ ಬಾಗಿದ. ಟೋಪಿ ತೆಗೆದು ಪಕ್ಕದಲ್ಲಿಟ್ಟು, ಅವಳ ಕೈಗೆ ಸರಿಯಾಗಿ ಸಿಗುವಂತೆ ಮುಖವನ್ನು ತಗ್ಗಿಸಿ ಹಿಡಿದು ಕಣ್ಣು ಮುಚ್ಚಿಕೊಂಡ.

ರಾಮನಾಥ ಬದಿಗೆ ಸರಿದ.