ಕಾಶವ್ವ ಹೇಳಿದ ಒಂಬತ್ತು ಹೆಸರು

ಪ್ರೇಮನಾಥ ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೆಯ ಚಾದರದಲ್ಲಿ ಸುತ್ತಿ, ಡೊಂಬಿವಲಿಯಿಂದ ಕಲ್ಯಾಣದವರೆಗೆ ರಿಕ್ಷಾದಲ್ಲಿ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದ. ಹೊಂಡ ಬಂದಾಗಲೆಲ್ಲ ಎರಡೂ ಕೈಯಿಂದ ತುಸು ಮೇಲೆತ್ತಿ ಹಿಡಿಯುತ್ತಿದ್ದ. ಅದರೊಳಗೆ ಕಾಶವ್ವ ಇದ್ದಳು.

ಕಾಶವ್ವ ಸತ್ತು ಎರಡು ತಿಂಗಳಾಗಿತ್ತು. ಅವಳ ಗಂಡ ಅಪ್ಪಾಸಾಹೇಬ ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷ ಡ್ರಮ್ಮು ತೊಳೆದವನು. ಬೆವರು ಹಳದಿಯಾಗಿ, ಉಗುಳು ಹಳದಿಯಾಗಿ, ಕೊನೆಗೆ ಮೂತ್ರದಲ್ಲಿ ರಕ್ತ ಬಂದು ಸತ್ತ. ಕಂಪನಿ ಏನಂದಿತು? ಇಂಥವನೊಬ್ಬ ನಮ್ಮಲ್ಲಿ ಇರಲೇ ಇಲ್ಲ ಎಂದಿತು. ಅವನು ಗುತ್ತಿಗೆದಾರನ ಆಳು, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಒಬ್ಬ ಮನುಷ್ಯನನ್ನು ಹದಿನಾಲ್ಕು ವರ್ಷ ಅರೆದು ಬಣ್ಣ ಮಾಡಿ ಮಾರಿದವರಿಗೆ ಅವನ ಹೆಸರು ಬರೆಯಲು ಒಂದು ಹನಿ ಶಾಯಿ ಸಿಗಲಿಲ್ಲ!

ಹೆಸರುಗಳಿದ್ದದ್ದು ಕಾಶವ್ವನ ಬಾಯಲ್ಲಿ. ಗಂಡನ ಜೊತೆ ಡ್ರಮ್ಮು ತೊಳೆದ ಒಂಬತ್ತು ಮಂದಿ, ಅವರವರ ಊರು, ಯಾವ ವರ್ಷ ಯಾರು ಹಾಸಿಗೆ ಹಿಡಿದು ಊರ ಗಾಡಿ ಹತ್ತಿದರು, ಎಲ್ಲವೂ ಅವಳಿಗೆ ಬಾಯಿಪಾಠ. ಆ ಒಂಬತ್ತರಲ್ಲಿ ಇಬ್ಬರು ಜೀವಂತ ಸಿಕ್ಕರೂ ಕಂಪನಿಯ ಮೇಲಿನ ಕೇಸು ಗಟ್ಟಿಯಾಗಿ ನಿಲ್ಲುತ್ತದೆ ಎಂದಿದ್ದರು ಠಾಣೆ ಜಿಲ್ಲಾ ಕೋರ್ಟಿನ ವಕೀಲರು.

ಡೊಂಬಿವಲಿಯ ಕನ್ನಡ ಓದು ಬಳಗ ಅವಳ ಹೇಳಿಕೆಯನ್ನು ಬರೆದಿಡುವ ಕೆಲಸ ಹೊತ್ತಿತು. ವಾಶಿಯ ಟ್ರಾನ್ಸ್‌ಪೋರ್ಟ್ ಆಫೀಸಿನ ಗುಮಾಸ್ತ ಪ್ರೇಮನಾಥನ ಮನೆಯಲ್ಲಿ ಕಂಪ್ಯೂಟರಿತ್ತು. ಹಾಗಾಗಿ ಕೆಲಸ ಅವನ ಪಾಲಿಗೆ ಬಂತು. ಮೂರು ಭಾನುವಾರ ಕಾಶವ್ವ ಬಂದು ಮೈಕಿನ ಮುಂದೆ ಕೂತು ಹೇಳಿದಳು.

"ಅಣ್ಣಾರ, ಇದು ಮರೀತೈತೇನ್ರಿ?"

"ಇಲ್ಲ ಕಾಶವ್ವ. ನಾವು ಮರೀಬಹುದು, ಇದು ಮರೆಯೋದಿಲ್ಲ."

ಅಷ್ಟು ಧೈರ್ಯ ಅವನಿಗೆ. ಪಕ್ಕದಲ್ಲಿ ಬಿಳಿ ಹಾಳೆ ಬಿದ್ದಿತ್ತು, ಪೆನ್ನಿತ್ತು. ಒಂದಕ್ಷರ ಬರೆದುಕೊಳ್ಳಲಿಲ್ಲ.

ಅದನ್ನೆಲ್ಲ ಅಚ್ಚಿಗೆ ಕೊಡಲು ಕನ್ನಡದಲ್ಲಿ ಟೈಪು ಮಾಡಬೇಕಿತ್ತು. ಪ್ರೆಸ್ಸಿನವರು ಕೇಳುವ ಕನ್ನಡ ತಂತ್ರಾಂಶ ಕೊಳ್ಳುವ ಶಕ್ತಿ ಬಳಗಕ್ಕಿಲ್ಲ. ಬಳಗದ ಪುಂಡರೀಕಾಕ್ಷ ಎಲ್ಲಿಂದಲೋ ಒಂದು ನಕಲಿ ಸಿಡಿ ತಂದುಕೊಟ್ಟ. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು: ಹಾಕುವ ಮೊದಲು ಆ್ಯಂಟಿವೈರಸ್ ಬಂದ್ ಮಾಡಿ.

ಸಿಡಿ ಹಾಕಿದ್ದೇ ಪರದೆಯ ಮೇಲೆ ಕೆಂಪು ಎಚ್ಚರಿಕೆ ಬಂತು. ಕಾಲೇಜಿಗೆ ಹೊರಟಿದ್ದ ಮಗಳು ನಿಶ್ಮಿತಾ ಬಗ್ಗಿ ನೋಡಿದಳು.

"ಪಪ್ಪಾ, ಬಂದ್ ಮತ್ ಕರೋ. ಟ್ರೋಜನ್ ಅಂತ ತೋರಿಸ್ತಾ ಇದೆ. ಒಳ್ಳೆಯವರ ಹಾಗೆ ಬರ್ತದೆ, ಆಮೇಲೆ ಒಳಗಿಂದ್ಲೇ ಬಾಗಿಲು ತೆಗೀತದೆ. ಸಚ್ಚೀ."

"ಕನ್ನಡ ಕಂಡ್ರೆ ಈ ಊರಲ್ಲಿ ಎಲ್ಲರ ಮುಖ ಕೆಂಪಾಗ್ತದೆ. ಇನ್ನು ಈ ಮೆಷಿನ್ನಿಂದು ಯಾವ ದೊಡ್ಡ ಮಾತು!" ಎಂದು ನಕ್ಕ ಪ್ರೇಮನಾಥ ಆ್ಯಂಟಿವೈರಸ್ ನಿಲ್ಲಿಸಿದ. ಕನ್ನಡ ಬಂತು. ಚೆಂದದ ದುಂಡು ಅಕ್ಷರ. ಆ ಸಂಭ್ರಮದಲ್ಲಿ ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡಲು ಮರೆತೇಬಿಟ್ಟ. ಮೊನ್ನೆ ನೋಡಿದರೆ ಕಾಶವ್ವನ ಒಂದು ಫೈಲೂ ಸರಿಯಾಗಿ ತೆರೆಯಲಿಲ್ಲ.

ಕಲ್ಯಾಣದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಹೃಷೀಕೇಶ ಪೆಟ್ಟಿಗೆಗೆ ತಂತಿ ಚುಚ್ಚಿ ಒಂದೂವರೆ ತಾಸು ಜಾಲಾಡಿದ. ಧಾರವಾಡ ಕಡೆಯ ಮನೆತನದ, ಕಲ್ಯಾಣದಲ್ಲೇ ಹುಟ್ಟಿದ ಹುಡುಗ.

"ಅಂಕಲ್, ಆ್ಯಂಟಿವೈರಸ್ ನಾಕು ತಿಂಗಳಿಂದ ಬಂದ್ ಐತಲ್ಲ?"

"ನಾನೇ ಮಾಡಿದ್ದು."

"ಶಾಬಾಸ್. ಕಳ್ಳಗ ಚಾವಿ ಕೊಟ್ಟು ಚಹಾ ಬ್ಯಾರೆ ಕುಡಿಸೀರಿ. ಆ ಸಿಡಿ ಒಳಗಿನ ಟ್ರೋಜನ್ ಬಾಗಿಲಾ ತೆಗದದ, ಹಿಂದಿಂದ ಮತ್ತೊಂದು ಬಂದು ಫೈಲ್ ಎಲ್ಲಾ ಅಗದು ಉಗುಳೇದ. ನೋಡ್ರಿ."

ಪರದೆಯ ಮೇಲೆ 'ಕಾಶವ್ವ ೧', 'ಕಾಶವ್ವ ೨', 'ಕಾಶವ್ವ ೩' ಸಾಲಾಗಿ ನಿಂತಿದ್ದವು. ತೆರೆದರೆ ದನಿಯಿಲ್ಲ. ಟೈಪು ಮಾಡಿದ್ದರಲ್ಲಿ ಬರೀ ಚೌಕಗಳು.

"ಪೆನ್ ಡ್ರೈವ್‌ನಾಗ ಕಾಪಿ ಇಟ್ಟಿಲ್ಲೇನ್ರಿ?"

"ಇಟ್ಟಿದ್ದೆ. ಅದನ್ನ ಯಾವಾಗಲೂ ಕಂಪ್ಯೂಟರಿಗೇ ಚುಚ್ಚಿಟ್ಟಿದ್ದೆ, ಕಳೆದುಹೋಗಬಾರದು ಅಂತ."

ಹೃಷೀಕೇಶ ಈ ಸಲ ಚೇಷ್ಟೆ ಮಾಡಲಿಲ್ಲ. ಪೆಟ್ಟಿಗೆಯನ್ನು ಅಂಗಡಿಯಲ್ಲೇ ಇಟ್ಟುಕೊಂಡು, ಚಾದರವನ್ನು ಮಡಚಿ ಕೈಗೆ ಕೊಟ್ಟ. "ಇನ್ನ ಮ್ಯಾಲೆ ಕಾಪಿ ತಗದ ಕೂಡ್ಲೆ ಬ್ಯಾರೆ ಕಡೆ ಇಡ್ರಿ ಅಂಕಲ್," ಎಂದ. ಇನ್ನು ಮೇಲೆ! ಕಾಶವ್ವ ಇನ್ನೊಂದು ಸಲ ಹೇಳುತ್ತಾಳೆಯೆ?

ಸ್ಟೇಷನ್ನಿನಲ್ಲಿ ನಿಂತು ಪುಂಡರೀಕಾಕ್ಷನಿಗೆ ಫೋನು ಮಾಡಿದ. ಅವನು ಸಿಡಿದೆದ್ದ.

"ಕಂಪನಿಯದ್ದೇ ಕೆಲಸ ಮಾರಾಯ್ರೆ! ಬೇಕಂತಲೇ ವೈರಸ್ ಬಿಟ್ಟಿದ್ದಾರೆ. ಕರಪತ್ರ ಹಾಕುವಾ, ಗೇಟಿನೆದುರು ಹಂಚುವಾ."

"ಸಿಡಿ ನೀವು ಕೊಟ್ಟದ್ದು, ಪುಂಡರೀಕ."

ಆ ಕಡೆಯಿಂದ ಸಣ್ಣ ದನಿ: "ಅದು ಯಾರಿಗೆ ಗೊತ್ತು?"

ಲೋಕಲ್ ಬಂತು, ಹೋಯಿತು. ಪ್ರೇಮನಾಥ ಹತ್ತಲಿಲ್ಲ. ಕರಪತ್ರದ ಮೊದಲ ಸಾಲು ತಲೆಯಲ್ಲಿ ತಾನಾಗಿ ಬರೆಸಿಕೊಳ್ಳುತ್ತಿತ್ತು, ಬೆಂಕಿಯಂಥ ಸಾಲು. ಜನ ನಂಬುತ್ತಾರೆ. ಕಂಪನಿಗೆ ಆ ಯೋಗ್ಯತೆಯೂ ಇದೆ. ಆದರೆ ಇರಲೇ ಇಲ್ಲ ಎಂದು ಕಂಪನಿ ಒಮ್ಮೆ ಅಳಿಸಿದವರನ್ನು ಎರಡನೆಯ ಸಲ ಅಳಿಸಿದವನು ತಾನು. ಈ ಮಾತು ಯಾವ ಕರಪತ್ರದಲ್ಲಿ ಬರುತ್ತದೆ?

ಮಾರನೆಯ ಸಂಜೆ ಎಂಐಡಿಸಿ ಬದಿಯ ಸಾಲುಮನೆಗಳ ಚಾಳಿಗೆ ಹೋದ. ಕಾಶವ್ವನ ಮಗಳು ಐಶ್ವರ್ಯಾ ಹೊಲಿಗೆ ಮೆಷಿನ್ನು ಬಿಟ್ಟು ಎದ್ದಳು.

"ಬರ್ರಿ ಕಾಕಾ. ಸಿಡಿ ತಂದ್ರೇನು?"

ತಾಯಿಯ ತಿಥಿಯ ದಿನವೇ ಕೇಳಿದ್ದಳು: ಅವ್ವನ ದನಿ ಒಂದು ಸಿಡಿಗೆ ಹಾಕಿ ಕೊಡ್ರಿ ಎಂದು. ಟೈಪು ಮುಗಿಯಲಿ, ಎರಡನ್ನೂ ಒಟ್ಟಿಗೆ ಕೊಡುತ್ತೇನೆ ಎಂದಿದ್ದ.

ಪ್ರೇಮನಾಥ ಕೂರಲಿಲ್ಲ. ನಿಂತೇ ಹೇಳಿದ. ನಕಲಿ ಸಿಡಿ, ಕೆಂಪು ಎಚ್ಚರಿಕೆ, ತನ್ನ ಜೋಕು, ಏನನ್ನೂ ಬಿಡಲಿಲ್ಲ. ಕೊನೆಗೆ ಜೇಬಿನಿಂದ ಒಂದು ಹಾಳೆ ತೆಗೆದ. ರಾತ್ರಿಯೆಲ್ಲ ತಲೆ ಚಚ್ಚಿಕೊಂಡು ಬರೆದದ್ದು. ಒಂದರಿಂದ ಒಂಬತ್ತು ಅಂಕಿ, ನಾಲ್ಕು ಅಂಕಿಗಳ ಮುಂದೆ ಮಾತ್ರ ಹೆಸರು. ಐದು ಗೆರೆ ಖಾಲಿ.

"ನಿನಗೆ ಯಾರದಾದರೂ ನೆನಪುಂಟಾ?"

"ನಾ ಸಣ್ಣಾಕಿದ್ದೆ ಕಾಕಾ. ಎಲ್ಲಾರ್ಗೂ ಮಾಮಾ ಅಂತಿದ್ದೆ."

ಅವಳು ಹಾಳೆಯ ಖಾಲಿ ಗೆರೆಗಳ ಮೇಲೆ ಬೆರಳಾಡಿಸಿದಳು. ಬೈಯಲಿ ಎಂದು ಅವನು ಕಾದ.

"ಖಾಲಿ ಗೆರಿ ಅಳಸಬ್ಯಾಡ್ರಿ. ವಕೀಲರಿಗೆ ಹಿಂಗ ಕೊಡ್ರಿ. ಇಲ್ಲೆ ಐದ ಮಂದಿ ಇದ್ರು ಅನ್ನೂದಾದ್ರೂ ಗೊತ್ತಾಗ್ಲಿ."

ಅವನು ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಕೇಳಿದಳು.

"ಕಾಕಾ, ಅವ್ವ ಅದರಾಗ ಎಲ್ಲೆರ ನಕ್ಕಿದ್ಲೇನ್ರಿ?"

"ನಕ್ಕಿದ್ದಳು. ಅವಳ ದನಿಯನ್ನ ನಾನು ಅವಳಿಗೇ ಕೇಳಿಸಿದ್ದೆ. 'ಅಯ್ಯ, ಯಾರೀಕಿ ಮುದುಕಿ?' ಅಂತ ನಕ್ಕಳು."

ಐಶ್ವರ್ಯಾ ಬಾಗಿಲು ಹಿಡಿದು ನಿಂತಳು, ಅವನು ಇನ್ನೂ ಏನಾದರೂ ಹೇಳುತ್ತಾನೆಂದು. ಅವನ ಬಳಿ ಉಳಿದದ್ದು ಅಷ್ಟೇ.