ಬೋಡಿಮೆಟ್ಟಿನಾಚೆಯ ಪರದೇಶ

ಊರು ಬಿಟ್ಟು ಪರದೇಶಕ್ಕೆ ಹೋಗುವವರಿಗೆ ಏನಾದರೊಂದು ಕಾರಣ ಇರುತ್ತದೆ. ಮಳೆ ಕೈಕೊಟ್ಟಿತು, ದಾಯಾದಿಗಳು ಹೊಲ ನುಂಗಿದರು, ಯಾವನೋ ಬಂದು ಸಿಲೋನಿನ ಆಸೆ ಹುಟ್ಟಿಸಿದ. ನಮ್ಮ ಅಳಗರ್ ಗೌಂಡ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ದೇಶ ಬಿಟ್ಟದ್ದು ಒಂದು ಹೋರಿ ಕಬ್ಬು ತಿನ್ನಲಿಲ್ಲ ಎಂಬ ಕಾರಣಕ್ಕೆ. ಅದೂ ಯಾವಾಗ? ಪೆರಿಯಾರು ಹೊಳೆಯ ನೀರು ಸುರಂಗದಲ್ಲಿ ಬೆಟ್ಟ ತೂರಿಕೊಂಡು ಕಂಬಂ ಕಣಿವೆಗೆ ಇಳಿದ ಮರುವರ್ಷ, ಹಿಂದೆ ಗುಳೆ ಹೋದವರೆಲ್ಲ ಗಂಟುಮೂಟೆ ಹೊತ್ತು ವಾಪಸು ಬರುತ್ತಿದ್ದಾಗ. ಅವರು ಬರುವ ದಾರಿಯಲ್ಲೇ ಇವನು ಹೊರಟ.

ಕಂಬಂನಲ್ಲಿ, ತಮಿಳು ಸೀಮೆಗೆ ಬಂದು ನೆಲೆಸಿದ ನಮ್ಮ ಕನ್ನಡದವರ ದೇವರ ದನದ ಮಂದೆ ಇದೆಯಲ್ಲ, ಅದಕ್ಕೊಂದು ಪಟ್ಟದ ಹೋರಿ ಇರಲೇಬೇಕು. ಇದ್ದದ್ದು ಸತ್ತರೆ ಹೊಸದನ್ನು ಆರಿಸುವವರು ಮನುಷ್ಯರಲ್ಲ. ಮಂದೆಯ ಮುಂದೆ ಕಬ್ಬಿನ ಕಂತೆ ಹರಡಿ ಎಲ್ಲರೂ ಕೈಮುಗಿದು ನಿಲ್ಲುತ್ತಾರೆ. ಯಾವ ಹೋರಿ ತಾನಾಗಿ ಬಂದು ಮೊದಲು ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಮನೆಯ ಯಜಮಾನಿಕೆಗೆ ವರ್ಷಗಟ್ಟಲೆ ಕಿತ್ತಾಡುವ ನಮ್ಮ ಜನ ಹೋರಿಯ ವಿಷಯದಲ್ಲಿ ಮಾತ್ರ ಹೋರಿಯ ಇಷ್ಟಕ್ಕೇ ಬಿಟ್ಟುಬಿಡುತ್ತಾರೆ.

ನಮ್ಮ ಗೌಂಡ ದೇವರಿಗೆಂದು ಬಿಟ್ಟ ಹೋರಿ ಆ ಸಲ ಮಂದೆಯಲ್ಲಿತ್ತು. ಅವನೇ ಕೈಯಾರೆ ಸಾಕಿದ ಕರು. ಪಟ್ಟ ಅದಕ್ಕೇ ಎಂದು ಅವನು ಬೋಡಿಯಿಂದ ತೇನಿಯವರೆಗೆ ಸಾರಿಕೊಂಡು ಬಂದಿದ್ದ, ಹೊಸ ರುಮಾಲು ಸಹ ತಂದಿದ್ದ. ಹೋರಿ ಗಂಭೀರವಾಗಿ ನಡೆದು ಬಂತು. ಕಬ್ಬನ್ನು ಮೂಸಿತು. ಜನ ಉಸಿರು ಬಿಗಿಹಿಡಿದರು. ಆಮೇಲೆ ಅದು ಕಬ್ಬನ್ನು ದಾಟಿ ನೆಟ್ಟಗೆ ಪಾಂಡಿಯ ಹತ್ತಿರ ಹೋಗಿ ಅವನ ಹೆಗಲ ಮೇಲಿನ ವಲ್ಲಿಯನ್ನು ಎಳೆದುಕೊಂಡು ಜಗಿಯತೊಡಗಿತು. ಹಿಂದೆ ನಿಂತಿದ್ದ ಇನ್ನೊಂದು ಬಡಕಲು ಹೋರಿ ಬಂದು ಕಬ್ಬು ತಿಂದು ರಾಜನಾಯಿತು.

ಪಾಂಡಿ ಅಳಗರನ ಹೆಂಡತಿಯ ತಮ್ಮ. ಬಾಯಿ ಸುಮ್ಮನಿರುವ ಆಸಾಮಿಯಲ್ಲ. "ಬಾವಾ, ನಿಮ್ಮ ಕಾಳೆಗೆ ಪಟ್ಟ ಬ್ಯಾಡವಾಂ, ನನ್ನ ವಲ್ಲೀನೇ ಸಾಕಾಂ!" ಎಂದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ದೇವರ ಕೆಲಸದಲ್ಲಿ ನಗಬಾರದು ಎಂದು ಗದರಿಸಲು ಬಂದ ಹಿರಿಯರೂ ನಕ್ಕರು.

ಅಷ್ಟೇ. ಅಳಗರ್ ಅಲ್ಲೇ ರುಮಾಲು ಬಿಚ್ಚಿ ನೆಲಕ್ಕೆ ಒಗೆದ. "ಈ ದೇಶದ ನೀರು ಇನ್ನು ಮುಟ್ಟಲ್ಲ ನಾನು. ಪರದೇಶಕ್ಕೆ ಹೋಯ್ತೀನಿ. ತೋಟದ ಕೂಲಿಯೋರಿಗೆ ಕಂಗಾಣಿಯಾಗಿ, ನೂರಾಳಿನ ಮೇಲೆ ದರ್ಬಾರು ಮಾಡಿ, ಕುದುರೆ ಮೇಲೆ ಬತ್ತೀನಿ. ಆವತ್ತು ನಗಿ, ನೋಡಾಣ!"

"ಕಾಳೆ ಕಬ್ಬು ತಿನ್ನದೆ ಹೋದ್ರೆ ನಾನ್ಯಾಕೆ ಊರು ಬಿಡ್ಬೇಕು?" ಎಂದು ಅವನ ಹೆಂಡತಿ ಪೇಚ್ಚಿಯಮ್ಮಾಳ್ ಕೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಸೊಂಟದಲ್ಲಿ ಮೊಲೆ ಕುಡಿಯುವ ಮಗ, ಸೆರಗು ಹಿಡಿದ ಮಗಳು. ಅವಳ ಕೇಳಿಕೆಯಲ್ಲಿ ನ್ಯಾಯವಿತ್ತು.

ಮೊದಲು ಸಿಲೋನಿಗೇ ಹೋಗುವುದೆಂದು ಅಳಗರ್ ಮೀಸೆ ತಿರುವಿದ. ವಿಚಾರಿಸಿಕೊಂಡು ಬರುತ್ತೇನೆಂದು ಬತ್ತಲಗುಂಡು ಹಾದು ದಿಂಡಿಗಲ್ಲಿನವರೆಗೆ ನಡೆದ. ಅಲ್ಲಿ ಸ್ಟೇಷನ್ನಿನಲ್ಲಿ ರೈಲು ಒಳಗೆ ಬಂದು ಒಂದು ಸಿಳ್ಳು ಹಾಕಿತು. ಆಮೇಲೆ ಏನಾಯಿತೆಂದು ಅವನು ಯಾರಿಗೂ ಹೇಳಿಲ್ಲ. ಒಂದು ಕಾಲಿನ ಚಪ್ಪಲಿ ಇಲ್ಲದೆ, ಕೈಯಲ್ಲಿ ದಿಂಡಿಗಲ್ಲಿನ ಒಂದು ಕಟ್ಟು ಚುಟ್ಟ ಹಿಡಿದು ಮನೆಗೆ ಬಂದ. ಬಂದವನೇ, "ಕಡಲಿನ ಗಾಳಿ ಮಕ್ಕಳಿಗೆ ಆಗ್ಬರಲ್ಲ" ಎಂದ.

ಉಳಿದ ಪರದೇಶ ಒಂದೇ. ಬೋಡಿಮೆಟ್ಟಿನ ಘಾಟಿ ಹತ್ತಿದರೆ ಆಚೆಗೆ ತಿರುವಾಂಕೂರು ರಾಜನ ಸೀಮೆ. ನಾಣ್ಯ ಬೇರೆ, ಮಾತು ಬೇರೆ, ಸುಂಕದ ಚೌಕಿ ಬೇರೆ. ಪರದೇಶವೇ ಹೌದು, ಇಲ್ಲ ಎನ್ನುವಂತಿಲ್ಲ. ಆದರೆ ಅಳಗರನ ಊರು ಬೋಡಿಯ ಪಕ್ಕದಲ್ಲೇ ಇತ್ತು. ನಸುಕಿನಲ್ಲಿ ಅತ್ತೂ ಕರೆದು ಊರೆಲ್ಲ ಬೀಳ್ಕೊಟ್ಟಿತು. ಇವರು ಮಧ್ಯಾಹ್ನ ಕಳೆದು ಮೆಟ್ಟಿನ ತುದಿಗೆ ಬಂದು ತಿರುಗಿ ನೋಡಿದರೆ ಅವರೂರಿನ ಕೆರೆ, ಕೆರೆಯ ಏರಿ, ಏರಿಯ ಮೇಲೆ ಯಾರದೋ ಎಮ್ಮೆ ಎಲ್ಲ ಕಾಣುತ್ತಿತ್ತು. "ಅದು ನಮ್ಮೆಮ್ಮೆಯಾ?" ಎಂದಳು ಮಗಳು. "ಪರದೇಶದಲ್ಲಿ ನಿಂತು ಎಮ್ಮೆ ಮಾತಾಡ್ಬ್ಯಾಡ" ಎಂದು ಅಳಗರ್ ಗದರಿದ.

ಚೌಕಿಯಲ್ಲಿ ಯಾವ ದೇಶದವನು, ಯಾವ ಕುಲದವನು ಎಂದೆಲ್ಲ ಕೇಳುತ್ತಾರೆಂದು ಅವನು ಉತ್ತರ ಸಿದ್ಧಮಾಡಿಕೊಂಡಿದ್ದ. ಅಲ್ಲಿದ್ದ ಕಾವಲಿನವನು ಹೊಗೆಸೊಪ್ಪು ಇದೆಯಾ ಎಂದು ಮಾತ್ರ ಕೇಳಿದ. ತೋಟದ ಬಿಳಿ ದೊರೆಗೆ ಕೊಡಲೆಂದು ತಂದಿದ್ದ ಚುಟ್ಟದ ಕಟ್ಟನ್ನು ಎಳೆದುಕೊಂಡ. ಅದರಲ್ಲೊಂದು ಹಚ್ಚಿ ಬಾಯಿಗಿಟ್ಟುಕೊಂಡು, ಹೋಗು ಎಂದು ಕೈಬೀಸಿದ.

ಹೊಸದಾಗಿ ಕಾಡು ಕಡಿದು ಟೀ ಹಾಕಿದ್ದ ತೋಟವೊಂದರಲ್ಲಿ ಕೆಲಸ ಸಿಕ್ಕಿತು. "ಏನು ಬರುತ್ತೆ?" ಎಂದು ದೊರೆ ತಮಿಳಿನಲ್ಲಿ ಕೇಳಿದ. "ದನ ಗೊತ್ತು" ಎಂದ ಅಳಗರ್, ಎದೆ ಮುಂದೆ ಮಾಡಿ. "ಇಲ್ಲಿ ದನ ಇಲ್ಲ, ಜಿಗಣೆ ಇದೆ" ಎಂದ ದೊರೆ. ಮೊದಲ ದಿನವೇ ಕಾಡು ಕಡಿಯುವಾಗ ತೊಡೆಗೆ ಹತ್ತಿದ ಜಿಗಣೆ ನೋಡಿ ನಮ್ಮ ಗೌಂಡ ಒಂದು ಬಂಡೆ ಹತ್ತಿ ಕೂತ. ಸಂಜೆಯವರೆಗೆ ಇಳಿಯಲಿಲ್ಲ. ಗುಂಡಿ ತೋಡಲು ಕಳಿಸಿದರೆ ಗುಂಡಿ ಹೇಗೆ ತೋಡಬೇಕೆಂದು ಕಂಗಾಣಿಗೇ ಪಾಠ ಹೇಳಿ ಅಲ್ಲಿಂದಲೂ ಓಡಿಸಿಕೊಂಡ.

ಇತ್ತ ಪೇಚ್ಚಿಯಮ್ಮಾಳ್ ಬುಟ್ಟಿ ಬೆನ್ನಿಗೆ ಹಾಕಿ ಸಾಲಿನೊಳಗೆ ಇಳಿದಳು. ಎರಡೆಲೆ ಒಂದು ಕುಡಿ, ಎರಡೆಲೆ ಒಂದು ಕುಡಿ. ಅವಳ ಬೆರಳುಗಳು ಹಾಗೆ ಓಡುವುದನ್ನು ಅಳಗರ್ ಇಷ್ಟು ವರ್ಷ ಸಂಸಾರ ಮಾಡಿಯೂ ನೋಡಿರಲಿಲ್ಲ. ಈ ಯಮ್ಮನನ್ನು ಬಿಡಬಾರದೆಂದು ಕಂಗಾಣಿ ದೊರೆಗೆ ಹೇಳಿದ. ಯಮ್ಮನ ಜೊತೆಗೆ ಬಂದ ಗಂಡನನ್ನು ಏನು ಮಾಡುವುದು? ಕೂಲಿ ಹೆಂಗಸರ ಕೂಸುಗಳನ್ನು ಹಗಲಿಡೀ ಬಿಡುವ ಒಂದು ಹುಲ್ಲಿನ ಕೊಟ್ಟಿಗೆ ಇತ್ತು. ನೋಡಿಕೊಳ್ಳುತ್ತಿದ್ದ ಮುದುಕಿ ಮೂಕಮ್ಮಾಳಿಗೆ ಕಣ್ಣು ಮಂಜಾಗಿತ್ತು. ಅಳಗರನನ್ನು ಅಲ್ಲಿಗೆ ಹಾಕಿದರು.

ನೂರಾಳಿನ ಮೇಲೆ ದರ್ಬಾರು ಮಾಡುತ್ತೇನೆಂದವನು ಜೋಲಿ ತೂಗಲು ಕೂತ. ಮೊದಮೊದಲು ಯಾರಾದರೂ ಹಾದುಹೋದರೆ ಜೋಲಿಯ ಹಗ್ಗ ಬಿಟ್ಟು ಮೀಸೆ ಹಿಡಿದುಕೊಳ್ಳುತ್ತಿದ್ದ. ಕೂಸುಗಳು ಬಿಡಬೇಕಲ್ಲ! ಒಂದು ಉಚ್ಚೆ ಹೊಯ್ದರೆ ಇನ್ನೊಂದು ಕಿರುಚುತ್ತಿತ್ತು. ಅವನಿಗೆ ಗೊತ್ತಿದ್ದದ್ದು ಕರು ಸಾಕುವುದು ಮಾತ್ರ. ಅದನ್ನೇ ಮಾಡಿದ. ಸೊಳ್ಳೆಗೆ ಬೇವಿನ ಹೊಗೆ ಹಾಕಿದ, ಹರಳೆಣ್ಣೆ ತಿಕ್ಕಿ ಬಿಸಿಲಿಗೆ ಹಾಕಿದ, ಅಂಬೆಗಾಲಿಡುವವಕ್ಕೆ ಸೊಂಟಕ್ಕೆ ಮೆತ್ತನೆಯ ಬಟ್ಟೆ ಸುತ್ತಿ ಕಂಬಕ್ಕೆ ಕಟ್ಟಿದ. ಒಂದು ದಿನ ಬಿದಿರಿನ ಗೊಟ್ಟ ಕೆತ್ತಿ ದನಕ್ಕೆ ಮದ್ದು ಹೊಯ್ಯುವ ಹಾಗೆ ಗಂಜಿ ಹೊಯ್ಯಲು ಹೊರಟಾಗ ಪೇಚ್ಚಿಯಮ್ಮಾಳ್ ಅದನ್ನು ಕಿತ್ತುಕೊಂಡು ಅವನ ಬೆನ್ನಿಗೇ ಒಂದು ಬಿಟ್ಟಳು. ಆದರೂ ಕೂಸುಗಳು ಗುಂಡಗಾದವು. ಸತ್ಯ ಹೇಳಬೇಕೆಂದರೆ ಅವನಿಗೆ ಆ ಕೆಲಸ ಹಿಡಿಸಿತ್ತು. ಹಾಗೆಂದು ಹೇಳಿಕೊಳ್ಳುವುದಕ್ಕಿಂತ ಸಾಯುವುದು ವಾಸಿ ಎಂದುಕೊಂಡಿದ್ದ.

ಏಲಕ್ಕಿ ಹೇರಿಕೊಂಡು ಬೋಡಿಗೆ ಇಳಿಯುವ ಹೇರೆತ್ತಿನವರ ಬಾಯಲ್ಲಿ ಅವನು ಊರಿಗೆ ಹೇಳಿಕಳಿಸಿದ: ಕಂಗಾಣಿಯಾಗಿದ್ದೇನೆ, ಪೇಚ್ಚಿ ಮನೆಯಲ್ಲಿ ಕಾಲು ಚಾಚಿ ಕೂತು ವೀಳ್ಯ ಹಾಕುತ್ತಾಳೆ. ಕುದುರೆಯನ್ನು ಇನ್ನೂ ಕೊಂಡಿಲ್ಲ, ನೋಡುತ್ತಿದ್ದೇನೆ. ಕೆಳಗೆ ಊರು ನಂಬಿತು. ನಮ್ಮ ಜನ ಎದುರಿಗೆ ಕಂಡದ್ದನ್ನು ನಂಬುವುದಿಲ್ಲ, ಬೆಟ್ಟದ ಮೇಲಿನಿಂದ ಬಂದದ್ದನ್ನು ನಂಬುತ್ತಾರೆ.

ಹೀಗೆ ಒಂದು ವರ್ಷ ಕಳೆದು ಮಳೆ ಹಿಂದಾದ ದಿನಗಳು. ಊಟದ ಹೊತ್ತಿಗೆ ಬಂದು ಮೊಲೆಯೂಡಿದ ತಾಯಂದಿರು ಆಗಷ್ಟೇ ಗುಡ್ಡ ಹತ್ತಿ ಹೋಗಿದ್ದರು. ಹೇರೆತ್ತಿನವನೊಬ್ಬ ಕೊಟ್ಟಿಗೆಯ ಮುಂದೆ ನಿಂತು, "ಗೌಂಡ್ರೇ, ನಿಮ್ಮ ಭಾವಮೈದ ಹಿಂದೆ ಬತ್ತಾ ಇದ್ದಾನೆ. ಚೌಕಿ ದಾಟಿದ" ಎಂದ.

ಅಳಗರ್ ಜೋಲಿಯ ಹಗ್ಗ ಬಿಟ್ಟು ಎದ್ದು ನಿಂತ. ಪಾಂಡಿ! ಜಗತ್ತಿನಲ್ಲಿ ಇಷ್ಟು ಜನ ಇರುವಾಗ ಆ ಬಾಯಿಯೇ ಬರಬೇಕೆ? ಇವನು ಜೋಲಿ ತೂಗುವುದನ್ನು ಪಾಂಡಿ ನೋಡಿದರೆ ಮುಗಿಯಿತು, ನಾಳೆ ಬೆಳಗಾಗುವುದರೊಳಗೆ ಬೋಡಿ ನಗುತ್ತದೆ, ಸಂತೆಯ ದಿನ ಕಂಬಂ ನಗುತ್ತದೆ. ಊರಿನಲ್ಲಂತೂ ಇನ್ನು ತಲೆಯೆತ್ತುವಂತಿಲ್ಲ. ಓಡಿಹೋಗಲು ಇನ್ನೊಂದು ಪರದೇಶವನ್ನು ಎಲ್ಲಿಂದ ತರುವುದು?

ಕಂಗಾಣಿಯ ಹಳೆಯ ಕೋಟು ಅವನ ಲಯನ್ನಿನ, ಎಂದರೆ ಕೂಲಿಗಳ ಸಾಲುಮನೆಯ, ಗೂಟಕ್ಕೆ ನೇತುಹಾಕಿತ್ತು. ಅಳಗರ್ ಅದನ್ನು ಎಗರಿಸಿ ತೊಟ್ಟುಕೊಂಡ. ಬೆತ್ತವೊಂದನ್ನು ಹಿಡಿದ. ಕೂಸುಗಳನ್ನು ನೋಡಿಕೋ ಎಂದು ಮೂಕಮ್ಮಾಳಿಗೆ ಹೇಳಿ ದಾರಿಯ ತಿರುವಿಗೆ ಹೋಗಿ ಕಾಲಗಲಿಸಿ ನಿಂತ. ಕೋಟು ಮೊಣಕಾಲಿನವರೆಗೆ ಬರುತ್ತಿತ್ತು. ಎದುರಿನ ಗುಡ್ಡದತ್ತ ಬೆತ್ತ ಚಾಚಿ, "ಏಯ್, ಬೇಗ ಬೇಗ!" ಎಂದು ಕೂಗಿದ. ಅಲ್ಲಿ ಯಾರೂ ಇರಲಿಲ್ಲ.

ಪಾಂಡಿ ತಿರುವಿನಲ್ಲಿ ಕಾಣಿಸಿದ. ಏದುಸಿರು ಬಿಡುತ್ತಿದ್ದ. ಎದೆಗೆ ಒಂದು ಗಂಟು ಕಟ್ಟಿಕೊಂಡಿದ್ದ.

"ಬಾಪ್ಪಾ ಪಾಂಡಿ! ಮುಂದಾಗಿ ಹೇಳಿಕಳ್ಸಿದ್ರೆ ಕುದುರೆ..."

"ಅಕ್ಕ ಎಲ್ಲಿ ಬಾವಾ?"

ಪಾಂಡಿ ಕೋಟು ನೋಡಲಿಲ್ಲ, ಬೆತ್ತ ನೋಡಲಿಲ್ಲ. ಗಂಟಿನ ಬಟ್ಟೆ ಸರಿಸಿದ. ಒಳಗೆ ಕೂಸು. ತೀರ ಎಳೆಯದು, ಸುಕ್ಕುಗಟ್ಟಿತ್ತು. ಅಳುವಷ್ಟು ಶಕ್ತಿಯೂ ಅದಕ್ಕಿರಲಿಲ್ಲ.

"ನನ್ನ ಹೆಂಡ್ತಿಗೆ ಹೆತ್ತ ಮೇಲೆ ಕಾಯ್ಲ ಹಿಡಿದು ಹಾಲು ಬತ್ತೋಯ್ತು ಬಾವಾ. ಒಳಲೇಲಿ ಹುಯ್ದ್ವಿ, ಬತ್ತಿ ನೆನೆಸಿ ಇಟ್ವಿ, ಯಾವುದೂ ಕುಡೀವಲ್ದು. ಕಂಬಂನಾಗೆ ಚಿಕ್ಕಮ್ಮನ ಸೊಸೆ ಹೆತ್ತವ್ಳೆ, ಅಲ್ಲಿಗೆ ಒಯ್ಯಾಣ ಅಂದ್ರು. ನಾನೇ ಅಂದೆ, ಅಕ್ಕ ಇದ್ದಾಳಲ್ಲ, ಕಂಗಾಣಿ ಹೆಂಡ್ತಿ, ಕೆಲ್ಸ ವೇಲೆ ಇಲ್ದೆ ಮನೇಲಿ ಕೂತವ್ಳೆ, ಕೂಸಿಗೆ ಹಾಲೂಡ್ತಾವ್ಳೆ, ಅವಳ ಮಡ್ಲಿಗೇ ಹಾಕ್ತೀನಿ ಅಂತ. ಎಲ್ಲಿ ಬಾವಾ ಅಕ್ಕ?"

ಪೇಚ್ಚಿ ದೂರದ ಗುಡ್ಡದಲ್ಲಿ ಬುಟ್ಟಿ ಬೆನ್ನಿಗೆ ಹಾಕಿಕೊಂಡು ಎಲೆ ಕೀಳುತ್ತಿದ್ದಳು. ಹಗಲೆಲ್ಲ ಹಾಗೆ ನಿಂತು ನಿಂತು ಅವಳ ಹಾಲು ಎಂದೋ ಬತ್ತಿತ್ತು, ಮಗ ಗಂಜಿಗೆ ಬಿದ್ದಿದ್ದ. ತಾನು ಹೇಳಿಕಳಿಸಿದ ಸುಳ್ಳು ಈ ಕೂಸನ್ನು ಕಂಬಂನ ದಾರಿ ತಪ್ಪಿಸಿ ಬೆಟ್ಟ ಹತ್ತಿಸಿತ್ತು. ಅಯ್ಯೋ ಪಾಪಿ, ಎಂದುಕೊಂಡ ತನ್ನನ್ನೇ. ಆಗಲೂ ನೋಡಿ ಈ ಮನುಷ್ಯನ ಬುದ್ಧಿಯನ್ನು, ಇನ್ನೊಂದು ಸುಳ್ಳು ಬಾಯಿಯ ತುದಿಗೆ ಬಂದಿತ್ತು. ಪೇಚ್ಚಿ ದೊರೆಯ ಬಂಗಲೆಗೆ ಹೋಗಿದ್ದಾಳೆ, ಸಂಜೆ ಬರುತ್ತಾಳೆ, ಕೂತುಕೋ ಎಂದರಾಯಿತು. ಕೂಸು ಬಾಯಿ ತೆರೆಯಿತು. ಸದ್ದು ಬರಲಿಲ್ಲ.

"ನಾನು ಕಂಗಾಣಿ ಅಲ್ಲ ಕಣೋ" ಎಂದ ಅಳಗರ್. "ದುಡಿಯೋಳು ನಿಮ್ಮಕ್ಕ. ಎಲೆ ಕೀಳಾಕೆ ಹೋಗವ್ಳೆ, ಅವಳಿಗೂ ಹಾಲಿಲ್ಲ. ನಾನು ಇಲ್ಲಿ ಕೂಲಿಯೋರ ಪುಳ್ಳೆಗಳ್ನ ಆಡಿಸ್ತೀನಿ. ಅದೇ ನನ್ನ ವೇಲೆ. ಕೊಡಿಲ್ಲಿ ಕೂಸನ್ನ."

ಪಾಂಡಿ ಏನೆನ್ನುತ್ತಾನೆಂದು ಅಳಗರ್ ಕಾಯಲಿಲ್ಲ. ಕೂಸನ್ನು ಕಿತ್ತುಕೊಂಡು ಕೊಟ್ಟಿಗೆಯ ಕಡೆಗೆ ಓಡಿದ. ಉದ್ದ ಕೋಟು ಕಾಲಿಗೆ ತೊಡರಿತು. ದಾರಿಯಲ್ಲೇ ಅದನ್ನು ಕಳಚಿ ಬಿಸಾಡಿದ.

ದೊರೆ ಈಚೆಗೆ ಬಂಗಲೆಗೆ ತರಿಸಿಕೊಂಡಿದ್ದ ಹಸುವಿನ ಹಾಲು ಕೊಟ್ಟಿಗೆಯ ಕೂಸುಗಳಿಗೆಂದು ಒಂದು ಚೊಂಬು ಬರುತ್ತಿತ್ತು. ಮೂಕಮ್ಮಾಳ್ ಅದಕ್ಕೆ ನೀರು ಬೆರೆಸಿ ಬೆಚ್ಚಗೆ ಮಾಡಿದಳು. ಅಳಗರ್ ಕೈ ತೊಳೆದು, ಕೂಸನ್ನು ತೊಡೆಯ ಮೇಲೆ ಓರೆಯಾಗಿ ಹಾಕಿಕೊಂಡು, ಕಿರುಬೆರಳನ್ನು ಹಾಲಿನಲ್ಲಿ ಅದ್ದಿ ಅದರ ಬಾಯೊಳಗೆ ಮೇಲಕ್ಕೆ ತಾಗಿಸಿದ. ತಾಯಿ ಸತ್ತ ಕರುವಿಗೆ ಹಾಗೆ ಬೆರಳು ಕೊಟ್ಟೇ ಚೀಪುವುದನ್ನು ಕಲಿಸಬೇಕು. ಕೂಸು ಬಾಯಿ ಆಡಿಸಲಿಲ್ಲ. ಪಾದ ಉಜ್ಜಿದ, ಮುಖಕ್ಕೆ ಮೆಲ್ಲಗೆ ಊದಿದ. ಮತ್ತೆ ಬೆರಳಿಟ್ಟ. "ಹಾ... ಬಾರವ್ವಾ... ನಿಮ್ಮಪ್ಪನಿಗೆ ಅಷ್ಟು ದೊಡ್ಡ ಬಾಯಿ ಐತಲ್ಲ, ನಿನಗೇನಾಗೈತೆ, ತೆಗಿ" ಎಂದು ಗೊಣಗುತ್ತಲೇ ಇದ್ದ. ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತ ಪಾಂಡಿ ನೋಡುತ್ತಿದ್ದ.

ಎಷ್ಟು ಹೊತ್ತಾಯಿತೋ, ಕೂಸಿನ ನಾಲಗೆ ಬೆರಳನ್ನು ಸುತ್ತಿತು. ಒಂದು ಸಲ ಎಳೆಯಿತು. ಬಿಟ್ಟಿತು. ಮತ್ತೆ ಎಳೆಯಿತು. ಅಳಗರ್ ಹಾಲಲ್ಲಿ ಅದ್ದಿದ ಬಟ್ಟೆಯಿಂದ ಬೆರಳಗುಂಟ ತೊಟ್ಟು ತೊಟ್ಟಾಗಿ ಹಾಲು ಇಳಿಸಿದ. ಕೂಸಿನ ಗಂಟಲು ಅಲುಗಿತು. ಪಾಂಡಿ ವಲ್ಲಿಯನ್ನು ಮುಖಕ್ಕೆ ಒತ್ತಿಕೊಂಡು ಗಳಗಳ ಅತ್ತುಬಿಟ್ಟ.

ಸಂಜೆ ಬಂದ ಪೇಚ್ಚಿಯಮ್ಮಾಳ್ ತಮ್ಮನನ್ನು ಕಂಡು, ಕೂಸನ್ನು ಕಂಡು, ದಾರಿಯಲ್ಲಿ ಸಿಕ್ಕಿದ ಕೋಟನ್ನು ಗಂಡನ ಮುಂದೆ ಹಾಕಿದಳು. ಪಕ್ಕದ ಲಯನ್ನಿನಲ್ಲಿ ಎಳೆಯ ಕೂಸಿದ್ದ ತಾಯಿಯೊಬ್ಬಳನ್ನು ಅವಳೇ ಹೋಗಿ ಕರೆತಂದಳು. ಯಾವ ಕುಲ ಎಂದು ಪಾಂಡಿ ಕೇಳಲಿಲ್ಲ. ಚೀಪುವುದು ಕಲಿತ ಕೂಸು ಅವಳ ಮೊಲೆ ಹಿಡಿಯಿತು.

ಮರುದಿನ ಬೆಳಗ್ಗೆ ಪಾಂಡಿ ಹೊರಟು ನಿಂತ. ಕಾಯಿಲೆಯ ಹೆಂಡತಿ ಕೆಳಗೆ ಕಾಯುತ್ತಿದ್ದಳು. ಅವಳು ಎದ್ದು ಓಡಾಡುವವರೆಗೆ ಕೂಸು ಇಲ್ಲೇ ಇರಬೇಕೆಂದು ಅಕ್ಕ ತೀರ್ಮಾನಿಸಿದ್ದಳು. ಕೊಟ್ಟಿಗೆಯಲ್ಲಿ ಜೋಲಿಗಳು ಆಗಲೇ ತುಂಬಿದ್ದವು. ಅಳಗರ್ ಒಂದನ್ನು ಕಾಲಿನಿಂದ ತೂಗುತ್ತ, ಪಾಂಡಿಯ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಬೆನ್ನಿಗೆ ಇನ್ನೊಂದನ್ನು ಹತ್ತಿಸಿಕೊಂಡು ಕೂತಿದ್ದ. ದಾರಿಯಲ್ಲಿ ಹೇರೆತ್ತಿನವರು ಹಾದುಹೋಗುತ್ತ ಒಳಗೆ ನೋಡುತ್ತಿದ್ದರು.

ಪಾಂಡಿ ಬಾಗಿಲ ಬಳಿ ತಡವರಿಸಿದ. "ಬಾವಾ, ಊರಾಗೆ ಎಲ್ಲಾ ಕೇಳ್ತಾರೆ. ನಿಮ್ಮ ವಿಚಾರ ಏನಂತ ಹೇಳ್ಲಿ? ನೀವು ಹೆಂಗೆ ಹೇಳು ಅಂತೀರೋ ಹಂಗೇ ಹೇಳ್ತೀನಿ. ಕಂಗಾಣಿ ಅಂತಾನೇ ಹೇಳ್ಲಾ?"

ಅಳಗರ್ ತಲೆಯೆತ್ತಲಿಲ್ಲ. ಕೂಸು ಅವನ ಬೆರಳನ್ನು ಬಿಗಿಯಾಗಿ ಚೀಪುತ್ತಿತ್ತು.

"ಕೂಸು ಕುಡೀತು ಅಂತ ಹೇಳು, ಪೋ."